ಹಿಡುವಳಿ, ಗೊಬ್ಬರ, ನೀರು: ಇಗತಪುರಿಯ ಭತ್ತದ ಬೇಸಾಯ

ಧಾನ್ಯದ ಇಳುವರಿಯ ಮೇಲೆ ಹಿಡುವಳಿಯ ಗಾತ್ರ, ಗೊಬ್ಬರ ಮತ್ತು ನೀರಾವರಿ ಪ್ರಭಾವ ಬೀರುತ್ತವೆಂಬುದು ಸರ್ವವಿದಿತ. ಆದರೆ ಇವು ಬಿಡಿಬಿಡಿಯಾಗಿ ಅಲ್ಲ, ಪರಸ್ಪರ ಬೆಸೆದುಕೊಂಡು ಕೆಲಸ ಮಾಡುತ್ತವೆ. ನಾಸಿಕ ಜಿಲ್ಲೆಯ ಇಗತಪುರಿ ತಾಲ್ಲೂಕು ಇದಕ್ಕೆ ಒಳ್ಳೆಯ ನಿದರ್ಶನ. ಸಹ್ಯಾದ್ರಿಯ ಘಟ್ಟದ ಮೇಲಿರುವ ಈ ಪ್ರದೇಶ ನಮ್ಮ ಮಲೆನಾಡಿನಂತೆಯೇ ಜಡಿಮಳೆಯ, ಭತ್ತದ ನಾಡು.

ಭಾರತದಲ್ಲಿ ಹಿಡುವಳಿಯ ಸರಾಸರಿ ಗಾತ್ರ 1970–71ರಲ್ಲಿ 2.28 ಹೆಕ್ಟೇರ್ ಇದ್ದುದು 2015–16ರ ಕೃಷಿ ಗಣತಿಯ ವೇಳೆಗೆ 1.08 ಹೆಕ್ಟೇರಿಗೆ ಇಳಿದಿತ್ತು. ಸಣ್ಣ ಹಿಡುವಳಿಯಲ್ಲಿ ಎಕರೆವಾರು ಉತ್ಪನ್ನ ಹೆಚ್ಚೆಂಬ ಸಂಗತಿಯನ್ನು ಅಮರ್ತ್ಯ ಸೇನ್ 1962ರಲ್ಲಿ ಚರ್ಚೆಗೆ ತಂದರು. ಮನೆಮಂದಿಯೇ ದುಡಿಯುವಲ್ಲಿ ಕೂಲಿಯ ಲೆಕ್ಕ ಅಡ್ಡಬರುವುದಿಲ್ಲ. ನಾಟಿ, ಕಳೆ, ಬದುಗಳ ಆರೈಕೆ ಕೈತುಂಬ ನಡೆಯುತ್ತದೆ. ಆದರೆ ಎಕರೆಯ ಇಳುವರಿ ಹೆಚ್ಚಿದ ಮಾತ್ರಕ್ಕೆ ತುಂಡು ಭೂಮಿ ಕುಟುಂಬವನ್ನು ಸಾಕುತ್ತದೆಂದಲ್ಲ.

ಗೊಬ್ಬರದಲ್ಲಿ ಪ್ರಮಾಣದಷ್ಟೇ ವಿಧಾನವೂ ಮುಖ್ಯ. ನೀರು ನಿಂತ ಗದ್ದೆಗೆ ಎರಚಿದ ಯೂರಿಯಾದ ಸಾರಜನಕದಲ್ಲಿ ಒಂದು ಪಾಲು ಅನಿಲವಾಗಿ ಗಾಳಿಗೆ ಸೇರುತ್ತದೆ. ಇನ್ನೊಂದು ಪಾಲು ಮಳೆನೀರಿನೊಡನೆ ಬದು ಮೀರಿ ಹರಿದುಹೋಗುತ್ತದೆ. ಮಹಾರಾಷ್ಟ್ರದ ‘ಚಾರಸೂತ್ರಿ’ ಪದ್ಧತಿ ಇದಕ್ಕೊಂದು ಉತ್ತರ: ಸಸಿಮಡಿಗೆ ಉಮಿಯ ಬೂದಿ, ಗದ್ದೆಗೆ ಗ್ಲಿರಿಸಿಡಿಯಾ ಸೊಪ್ಪು, ನಿಯತ ಅಂತರದ ನಾಟಿ, ನಾಲ್ಕು ಬುಡಗಳ ನಡುವೆ ಕೆಸರಿನಾಳದಲ್ಲಿ ಒಂದು ಯೂರಿಯಾ–ಡಿ.ಎ.ಪಿ. ಗುಳಿಗೆ. ಗಾಳಿಯಾಡದ ಆ ಪದರದಲ್ಲಿ ಸಾರಜನಕ ಅಮೋನಿಯಂ ರೂಪದಲ್ಲಿಯೇ ಉಳಿದು ಬೇರಿಗೆ ನಿಧಾನವಾಗಿ ದೊರೆಯುತ್ತದೆ. ಸೊಪ್ಪಿನಬೆಟ್ಟವನ್ನೂ ಸುಡುಮಣ್ಣನ್ನೂ ಬಲ್ಲ ಕನ್ನಡ ರೈತನಿಗೆ ಇದರ ತತ್ತ್ವ ಅಪರಿಚಿತವಲ್ಲ. ಗುಳಿಗೆಯನ್ನು ಕೈಯಿಂದ ಊರುವ ಕೆಲಸ ಸಣ್ಣ ಹಿಡುವಳಿಗೇ ಹೆಚ್ಚು ಒಗ್ಗುವಂಥದು.

ನೀರಿನ ಪ್ರಶ್ನೆ ಇನ್ನೂ ಜಟಿಲ. ಮಳೆ ನಾಲ್ಕು ತಿಂಗಳಲ್ಲಿ ಸುರಿದು ಇಳಿಜಾರಿನಲ್ಲಿ ಹರಿದುಹೋಗುವುದರಿಂದ ಎರಡನೆಯ ಬೆಳೆಗೆ ಸಂಗ್ರಹಿಸಿದ ನೀರು ಬೇಕು. ತಾಲ್ಲೂಕಿನಲ್ಲಿ 1916ರ ದಾರಣಾ ಜಲಾಶಯವಲ್ಲದೆ ಮುಕಣೆ, ಭಾವಲಿ ಜಲಾಶಯಗಳೂ ಇವೆ. ಆದರೆ ದಾರಣೆ ಗೋದಾವರಿಯ ಉಪನದಿ. ಅದರ ನೀರಿಗೆ ಕೆಳದಂಡೆಯ ಕಾಲುವೆಗಳು ಕಾದಿರುತ್ತವೆ. ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದ ಜಾಯಕವಾಡಿಯೂ ಇದೇ ಕಣಿವೆಯನ್ನು ನೆಚ್ಚಿದೆ. ಅಭಾವದ ವರ್ಷಗಳಲ್ಲಿ ಮೇಲಣ ಜಲಾಶಯಗಳಿಂದ ಅದಕ್ಕೆ ನೀರು ಬಿಡುವ ಸೂತ್ರವನ್ನು ರಾಜ್ಯದ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರ 2014ರಲ್ಲಿ ವಿಧಿಸಿತು. ಮುಂಬಯಿ ಉಚ್ಚ ನ್ಯಾಯಾಲಯ 2016ರಲ್ಲಿ ಅದನ್ನು ಎತ್ತಿಹಿಡಿಯಿತು. ಮರಾಠವಾಡದ ಬಾಯಾರಿಕೆ ನ್ಯಾಯವಾದುದು. ಘಟ್ಟದ ಸಣ್ಣ ರೈತನ ಎರಡನೆಯ ಬೆಳೆಯ ಹಂಬಲವೂ ನ್ಯಾಯವಾದುದೇ.

ಹೀಗೆ ದುಡಿಮೆ ಹಿಡುವಳಿಯ ಕೊರತೆಯನ್ನು ಒಂದಿಷ್ಟು ತುಂಬಬಲ್ಲುದು, ವಿಧಾನ ಗೊಬ್ಬರದ ನಷ್ಟವನ್ನು ತಡೆಯಬಲ್ಲುದು. ನೀರು ಮಾತ್ರ ಒಬ್ಬನ ಬದುವಿನೊಳಗೆ ನಿಲ್ಲುವಂಥದಲ್ಲ. ಕೃಷ್ಣಾ, ಕಾವೇರಿಗಳ ಹಂಚಿಕೆಯ ವಿವಾದವನ್ನು ಕಂಡ ಕನ್ನಡನಾಡಿಗೂ ಇಗತಪುರಿ ನೆನಪಿಸುವ ಸತ್ಯ ಇದು.