ಮನೆಯೊಳಗೆ ಕೋಳಿಮರಿಗಳ ಪಾಲನೆ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಗೆ ತಕ್ಕ ಕ್ರಮ

ತುಂಗಭದ್ರೆಯ ಬಲದಂಡೆಯಿಂದ ಸಂಡೂರಿನ ಬೆಟ್ಟಗಳವರೆಗಿನ ಸೀಮೆಯಲ್ಲಿ ಕೋಳಿ ಸಾಕುವುದು ಹೊಸ ಕಸಬಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸನು, ಪಟ್ಟಣದ ಪೇಟೆಯಲ್ಲಿ ಒಂದು ಸಣ್ಣ ನಾಣ್ಯಕ್ಕೆ ಮೂರು ಕೋಳಿಗಳೂ, ಪಟ್ಟಣದ ಹೊರಗೆ ಅದೇ ನಾಣ್ಯಕ್ಕೆ ನಾಲ್ಕು ಕೋಳಿಗಳೂ ದೊರೆಯುತ್ತಿದ್ದುವೆಂದು ಬರೆದಿಟ್ಟಿರುವನು. ಇಂದಿಗೂ ಜವಾರಿ ಕೋಳಿಯು ಕೂಗದ ಹಳ್ಳಿಯು ಈ ಸೀಮೆಯಲ್ಲಿ ಇಲ್ಲವೆಂದರೂ ಸಲ್ಲುವುದು. ತತ್ತಿ ಮತ್ತು ಕೋಳಿಗಳಿಂದ ಬರುವ ಹಣವು ಬಹುಮಟ್ಟಿಗೆ ಮನೆಯ ಹೆಂಗಸರ ಕೈ ಸೇರತಕ್ಕದ್ದು. ಭೂಮಿಯಿಲ್ಲದ ಕೂಲಿಯ ಮನೆಯಲ್ಲಿ ಮಕ್ಕಳ ಪುಸ್ತಕಕ್ಕೂ, ಔಷಧಕ್ಕೂ, ಹಬ್ಬದ ವೆಚ್ಚಕ್ಕೂ ಅದೇ ಆಧಾರವಾಗಿರುವುದುಂಟು.

ಹೀಗಿದ್ದರೂ, ಹತ್ತು ಹನ್ನೆರಡು ಮರಿಗಳೊಡನೆ ಗೂಡಿನಿಂದ ಹೊರಬಿದ್ದ ಹೇಂಟೆಯು ಎರಡು ತಿಂಗಳ ತರುವಾಯ ಮೂರು ನಾಲ್ಕು ಮರಿಗಳೊಡನೆ ತಿರುಗುವುದನ್ನು ಕಾಣದ ಊರಿಲ್ಲ. ಉಳಿದವುಗಳನ್ನು ಹದ್ದು, ಕಾಗೆ, ಬೆಕ್ಕು, ಹೆಗ್ಗಣಗಳು ಒಯ್ಯುವುವು. ಹಂಪಿಯ ಸುತ್ತಣ ಬಂಡೆಗಳ ಸಂದುಗೊಂದುಗಳಲ್ಲಿ ಮುಂಗುಸಿಗೂ ಹಾವಿಗೂ ಎಡೆ ವಿಶೇಷ. ಆದುದರಿಂದ ಮೊದಲ ಎಂಟು ವಾರಗಳ ಕಾಲ ಮರಿಗಳನ್ನು ಒಳಗೇ ಸಾಕುವುದು ಲಾಭಕರವು. ಆದರೆ ಗೋಡೆಗಳು ಮುಂಗುಸಿಯನ್ನು ತಡೆಯುವಂತೆಯೇ ಗಾಳಿಯನ್ನೂ ಬಿಸಿಲನ್ನೂ ತಡೆಯುವುವು; ಕೆದಕಿ ತಿನ್ನುವ ಅವಕಾಶವನ್ನೂ ಮರಿಗಳಿಂದ ಕಸಿದುಕೊಳ್ಳುವುವು. ಈ ಕೊರತೆಗಳನ್ನು ತುಂಬಿಕೊಡದೆ ಮರಿಗಳನ್ನು ಕೋಣೆಯಲ್ಲಿ ಕೂಡಿಹಾಕಿದವನಿಗೆ ಹದ್ದಿನಿಂದ ಉಳಿದ ಮರಿಯು ರೋಗದಿಂದ ಹೋಗುವುದು.

ಸ್ಥಳದ ಆಯ್ಕೆ

ಮನೆಯೊಳಗೆ ಎಂದರೆ ಅಡಿಗೆಯ ಕೋಣೆಯಲ್ಲಿಯೂ ಮಲಗುವ ಕೋಣೆಯಲ್ಲಿಯೂ ಎಂದು ಅರ್ಥವಲ್ಲ. ಬುಟ್ಟಿಯ ಕೆಳಗೆ ಕೋಳಿಯನ್ನು ಕವುಚಿ ಒಲೆಯ ಬಳಿಯಲ್ಲಿಡುವ ವಾಡಿಕೆಯನ್ನು ಬಿಡತಕ್ಕದ್ದು. ಕೋಳಿಯ ಹಿಕ್ಕೆಯಲ್ಲಿರುವ ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮಾಣುವು ಮನುಷ್ಯರಿಗೆ ವಾಂತಿಭೇದಿಯನ್ನು ಉಂಟುಮಾಡುವುದು. ಎಳೆಯ ಮಕ್ಕಳಿಗೂ ಮುದುಕರಿಗೂ ಇದು ಅಪಾಯಕರ. ಪಡಸಾಲೆಯ ಆಚೆಯ ಒಂದು ಕೋಣೆಯನ್ನಾಗಲಿ, ಕೊಟ್ಟಿಗೆಯ ಒಂದು ಮೂಲೆಯನ್ನಾಗಲಿ ಗೋಡೆಯಿಂದ ಬೇರ್ಪಡಿಸಿ ಇದಕ್ಕಾಗಿ ಮೀಸಲಿಡಬೇಕು. ಮರಿಗಳನ್ನು ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯುವುದು ಅವಶ್ಯ.

ಈ ಸೀಮೆಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳು ಈ ಕೆಲಸಕ್ಕೆ ಬಹಳ ಅನುಕೂಲ. ದಪ್ಪ ಗೋಡೆಯೂ ಮಣ್ಣಿನ ಮೇಲ್ಛಾವಣಿಯೂ ಬೇಸಿಗೆಯ ಉರಿಯನ್ನು ತಡೆಯುವುವು. ಬೆಳಕಿಂಡಿಯ ಮೂಲಕ ಬಿಸಿಗಾಳಿಯು ಮೇಲಕ್ಕೆ ಹೊರಟುಹೋಗುವುದು. ತಗಡಿನ ಹೊದಿಕೆಯ ಕೊಠಡಿಯಾದರೆ ಅದರ ಮೇಲೆ ಭತ್ತದ ಹುಲ್ಲನ್ನಾಗಲಿ ಕಬ್ಬಿನ ರವದಿಯನ್ನಾಗಲಿ ದಪ್ಪವಾಗಿ ಹೊದಿಸಿ, ಮಧ್ಯಾಹ್ನದಲ್ಲಿ ನೀರು ಚಿಮುಕಿಸಬೇಕು. ಕಿಟಕಿಗಳಿಗೆ ಸಣ್ಣ ಕಣ್ಣಿನ ತಂತಿಬಲೆಯನ್ನು ಬಿಗಿಯತಕ್ಕದ್ದು. ಸಂಡೂರಿನ ಕಡೆ ಅದಿರಿನ ಲಾರಿಗಳು ಓಡಾಡುವ ದಾರಿಯ ಬದಿಯಲ್ಲಿರುವ ಮನೆಗಳಲ್ಲಿ ದಾರಿಗೆ ಬೆನ್ನಾದ ಕೋಣೆಯನ್ನೇ ಆರಿಸಿಕೊಳ್ಳುವುದು ಮೇಲು; ಕೆಂಧೂಳು ಮರಿಗಳ ಶ್ವಾಸಕೋಶಕ್ಕೆ ಕೆಡುಕು.

ಮೊದಲ ನಾಲ್ಕು ವಾರಗಳಲ್ಲಿ ಮರಿಯೊಂದಕ್ಕೆ ಅರ್ಧ ಚದರ ಅಡಿ, ಐದರಿಂದ ಎಂಟನೆಯ ವಾರದವರೆಗೆ ಒಂದು ಚದರ ಅಡಿ ಸ್ಥಳವಿರಬೇಕು. ಎಂದರೆ 50 ಮರಿಗಳಿಗೆ ಕೊನೆಯಲ್ಲಿ 10 ಅಡಿ ಉದ್ದ 5 ಅಡಿ ಅಗಲದ ನೆಲವು ಸಾಕಾಗುವುದು. ಇದಕ್ಕಿಂತ ಇಕ್ಕಟ್ಟಾದರೆ ಮುಂದೆ ಹೇಳುವ ಎಲ್ಲ ಕೇಡುಗಳಿಗೂ ದಾರಿಯಾದಂತೆ.

ನೆಲಹಾಸು

ಕಂಪ್ಲಿಯ ಅಕ್ಕಿ ಗಿರಣಿಗಳಲ್ಲಿ ದೊರೆಯುವ ಭತ್ತದ ಹೊಟ್ಟು ಉತ್ತಮವಾದ ನೆಲಹಾಸು. ನೆಲಕ್ಕೆ ಸುಣ್ಣ ಬಳಿದು ಒಣಗಿಸಿ, ಹೊಟ್ಟನ್ನು ಎರಡು ಮೂರು ಅಂಗುಲ ದಪ್ಪಕ್ಕೆ ಹರಡಬೇಕು. ಮೊದಲ ಮೂರು ದಿವಸ ಅದರ ಮೇಲೆ ಕಾಗದವನ್ನು ಹಾಸಿದರೆ ಎಳೆಯ ಮರಿಗಳು ಹೊಟ್ಟನ್ನು ಆಹಾರವೆಂದು ನುಂಗಲಾರವು. ಹಾಸನ್ನು ದಿನವೂ ಕೈಯಾಡಿಸಿ ಸಡಿಲಿಸಿ, ನೀರಿನ ಪಾತ್ರೆಯ ಸುತ್ತ ಹಸಿಯಾದುದನ್ನು ತೆಗೆದುಹಾಕತಕ್ಕದ್ದು. ಹಿಡಿಯಲ್ಲಿ ಹಿಸುಕಿದರೆ ಉಂಡೆಕಟ್ಟುವ ಹಾಸು ಹಸಿಯಾದುದೆಂದು ತಿಳಿಯಬೇಕು. ಬಿಟ್ಟೊಡನೆ ಉದುರಿದರೆ ಸರಿಯಾಗಿದೆ. ಕೋಣೆಯಲ್ಲಿ ಬಗ್ಗಿ ಮೂಗಿಟ್ಟಾಗ ಕಣ್ಣು ಉರಿಯುವಂಥ ವಾಸನೆಯಿದ್ದರೆ ಅದು ಹಸಿ ಹಿಕ್ಕೆಯಿಂದ ಏಳುವ ಅಮೋನಿಯಾ. ಮನುಷ್ಯನು ಐದೂವರೆ ಅಡಿಯ ಎತ್ತರದಲ್ಲಿ ಉಸಿರಾಡುವನು, ಮರಿಯು ಅಂಗುಲಗಳ ಎತ್ತರದಲ್ಲಿ; ಆದುದರಿಂದ ನಿಂತುಕೊಂಡು ವಾಸನೆಯಿಲ್ಲವೆಂದು ತೀರ್ಮಾನಿಸುವುದು ಸಲ್ಲದು.

ಶಾಖ

ತಾಯಿಕೋಳಿಯಿದ್ದರೆ ಹತ್ತು ಹನ್ನೆರಡು ಮರಿಗಳಿಗೆ ಅದರ ರೆಕ್ಕೆಯೇ ಸಾಕು. ತಾಯಿಯಿಲ್ಲದ ಮರಿಗಳಿಗೆ ಮೊದಲ ವಾರ 95 ಡಿಗ್ರಿ ಫಾರನ್‌ಹೀಟ್, ಎಂದರೆ 35 ಡಿಗ್ರಿ ಸೆಲ್ಸಿಯಸ್ ಶಾಖವು ಬೇಕು. ಆಮೇಲೆ ವಾರಕ್ಕೆ 5 ಫಾರನ್‌ಹೀಟ್ ಡಿಗ್ರಿಯಂತೆ ಇಳಿಸುತ್ತ ಬರಬೇಕು. ಒಂದೂವರೆ ಅಡಿ ಎತ್ತರದ ರಟ್ಟನ್ನು ದುಂಡಗೆ ನಿಲ್ಲಿಸಿ ಅದರೊಳಗೆ ಮರಿಗಳನ್ನು ಬಿಟ್ಟರೆ, ಅವು ಮೂಲೆಗೆ ಒತ್ತಿಕೊಂಡು ಒಂದರ ಕೆಳಗೊಂದು ಸಾಯುವುದು ತಪ್ಪುವುದು. 50 ಮರಿಗಳಿಗೆ ಹಳೆಯ ಬಗೆಯ 60 ವ್ಯಾಟಿನ ಎರಡು ಬಲ್ಬುಗಳು ಸಾಲುವುವು. ಈಗ ಎಲ್ಲೆಡೆಯಲ್ಲಿಯೂ ಬಂದಿರುವ ಎಲ್‌ಇಡಿ ದೀಪಗಳು ಬೆಳಕನ್ನು ಕೊಡುವುವೇ ಹೊರತು ಮರಿಗಳಿಗೆ ಬೇಕಾದ ಶಾಖವನ್ನು ಕೊಡಲಾರವು. ವಿದ್ಯುತ್ತಿಲ್ಲದ ಹೊತ್ತಿನಲ್ಲಿ ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಕೆಂಡವನ್ನಿಡುವುದು ಮರಿಗಳಿಗೂ ಮನೆಯವರಿಗೂ ಪ್ರಾಣಾಪಾಯಕರ. ಅದರಿಂದ ಹೊರಡುವ ವಿಷಾನಿಲಕ್ಕೆ ವಾಸನೆಯಿಲ್ಲ.

ಆದರೆ ಈ ಅಂಕಿಗಳನ್ನು ಹೊಸಪೇಟೆಯ ಬೇಸಿಗೆಯಲ್ಲಿ ವಿವೇಚನೆಯಿಂದ ಅನ್ವಯಿಸಬೇಕು. ಏಪ್ರಿಲ್ ಮೇ ತಿಂಗಳುಗಳಲ್ಲಿ ಹಗಲಿನ ಶಾಖವು 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವ ದಿನಗಳಿರುವುದರಿಂದ, ಹಗಲಲ್ಲಿ ದೀಪವು ಬೇಡವೇ ಬೇಡ. ಸಂಡೂರಿನ ಚಳಿಗಾಲದ ರಾತ್ರಿಗಳಲ್ಲಿಯಾದರೋ ದೀಪವನ್ನು ಆರಿಸಕೂಡದು. ಉಷ್ಣಮಾಪಕಕ್ಕಿಂತ ಮರಿಗಳೇ ಒಳ್ಳೆಯ ಸಾಕ್ಷಿ: ದೀಪದ ಕೆಳಗೆ ಗುಂಪುಗೂಡಿ ಕೂಗಿದರೆ ಚಳಿ, ದೂರ ಸರಿದು ಬಾಯಿ ತೆರೆದು ತೇಕಿದರೆ ಸೆಕೆ, ಎಲ್ಲೆಡೆ ಹರಡಿಕೊಂಡು ತಿನ್ನುತ್ತ ಮಲಗುತ್ತ ಇದ್ದರೆ ಹದ. ಬೇಸಿಗೆಯಲ್ಲಿ ಆಹಾರವನ್ನು ಬೆಳಗಿನ ತಂಪಿನಲ್ಲಿಯೂ ಸಂಜೆಯಲ್ಲಿಯೂ ಹಾಕಿ, ಮಣ್ಣಿನ ಪಾತ್ರೆಗಳಲ್ಲಿ ತಣ್ಣೀರನ್ನು ಪದೇ ಪದೇ ಬದಲಾಯಿಸಬೇಕು.

ಆಹಾರ

ಮರಿಗಳ ಆಹಾರದಲ್ಲಿ ನೂರಕ್ಕೆ 20 ಪಾಲು ಸಸಾರಜನಕವಿರಬೇಕು. ಮನೆಯಲ್ಲಿಯೇ ಬೆರೆಸುವವರು ನೂರು ಪಾಲಿಗೆ ಮೆಕ್ಕೆಜೋಳದ ಅಥವಾ ಸಜ್ಜೆಯ ನುಚ್ಚು 53, ಶೇಂಗಾ ಹಿಂಡಿ 25, ಅಕ್ಕಿಯ ತೌಡು 12, ಒಣಮೀನಿನ ಪುಡಿ 8, ಜೀವಸತ್ವಗಳು ಕೂಡಿದ ಖನಿಜ ಮಿಶ್ರಣ 2, ಈ ಪ್ರಮಾಣವನ್ನು ಅನುಸರಿಸಬಹುದು. ಬೂಷ್ಟು ಹಿಡಿದ ಹಿಂಡಿಯನ್ನೂ ಮುಗ್ಗಿದ ಜೋಳವನ್ನೂ ದನಗಳಿಗೆ ಬೇಡವೆಂದು ಕೋಳಿಗಳಿಗೆ ಹಾಕುವ ವಾಡಿಕೆಯು ಅತ್ಯಂತ ಹಾನಿಕರ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತುವು. ಅವುಗಳಿಗೆ ಹಾಕಿದ್ದ ಶೇಂಗಾ ಹಿಂಡಿಯಲ್ಲಿ ಬೆಳೆದ ಬೂಷ್ಟಿನ ವಿಷವೇ ಅದಕ್ಕೆ ಕಾರಣವೆಂದು ಆಮೇಲೆ ಗೊತ್ತಾಯಿತು. ಅಫ್ಲಾಟಾಕ್ಸಿನ್ ಎಂಬ ಆ ವಿಷವು ಬೇಯಿಸಿದರೂ ಪೂರ್ತಿಯಾಗಿ ಹೋಗುವುದಿಲ್ಲ.

ಬಿಸಿಲು ಕಾಣದ ಮರಿಗಳಿಗೆ ಡಿ ಜೀವಸತ್ವದ ಕೊರತೆಯಿಂದ ಕಾಲುಗಳು ಸೊಟ್ಟಗಾಗುವುವು. ಗಾಜಿನ ಮೂಲಕ ಬಂದ ಬಿಸಿಲು ಇದಕ್ಕೆ ಉಪಯೋಗವಿಲ್ಲ. ಎರಡನೆಯ ವಾರದಿಂದ ಎಳೆಬಿಸಿಲಿನಲ್ಲಿ ಅರ್ಧ ಗಂಟೆ ಕಾಲ ತಂತಿಬಲೆಯ ಪಂಜರದಲ್ಲಿ ಅವುಗಳನ್ನು ಹೊರಗಿಡಬೇಕು.

ಮರಿಗಳಿಗೆ ಕೆಲಸ

ಮೇಲಿನವುಗಳನ್ನು ಬಲ್ಲವರು ಅನೇಕರಿರುವರು. ಆದರೆ ಕೋಳಿಗೆ ಕೆಲಸವು ಬೇಕೆಂಬುದನ್ನು ಬಲ್ಲವರು ಕೆಲವರೇ. ಸಾಕುಕೋಳಿಯ ಮೂಲವಾದ ಕೆಂಪು ಕಾಡುಕೋಳಿಯು ಹಗಲಿನ ಬಹುಭಾಗವನ್ನು ನೆಲ ಕುಕ್ಕುವುದರಲ್ಲಿಯೂ ಕೆದಕುವುದರಲ್ಲಿಯೂ ಕಳೆಯುವುದು. ಸಾವಿರಾರು ವರ್ಷ ಮನುಷ್ಯನ ಜತೆಯಲ್ಲಿದ್ದರೂ ಮನೆಯ ಕೋಳಿಗೆ ಆ ಸ್ವಭಾವವು ಹೋಗಿಲ್ಲ. ಕುಕ್ಕುವುದಕ್ಕೆ ನೆಲವು ಸಿಗದಾಗ ಅದು ಪಕ್ಕದ ಮರಿಯ ಗರಿಯನ್ನು ಕುಕ್ಕುವುದು. ರಕ್ತ ಕಂಡೊಡನೆ ಉಳಿದವೂ ಮೇಲೆ ಬೀಳುವುವು. ಒಂದೇ ದಿವಸದಲ್ಲಿ ಹಲವು ಮರಿಗಳು ಹೀಗೆ ಹಾಳಾಗಬಹುದು. ಇಕ್ಕಟ್ಟು, ಪ್ರಖರವಾದ ಬೆಳಕು, ಸೆಕೆ, ಸಸಾರಜನಕದ ಮತ್ತು ಉಪ್ಪಿನ ಕೊರತೆ ಇವೂ ಇದಕ್ಕೆ ಕಾರಣಗಳು.

ಇದರ ನಿವಾರಣೆಗೆ ಖರ್ಚಿಲ್ಲದ ಉಪಾಯಗಳಿವೆ. ಒಂದು ಹಿಡಿ ನವಣೆಯನ್ನಾಗಲಿ ಅಕ್ಕಿ ನುಚ್ಚನ್ನಾಗಲಿ ದಿನಕ್ಕೆರಡು ಸಲ ಹೊಟ್ಟಿನಲ್ಲಿ ಎರಚಿದರೆ ಮರಿಗಳು ಕೆದಕಿ ಹುಡುಕುತ್ತ ಹಾಸನ್ನೂ ಸಡಿಲಿಸುವುವು. ನುಗ್ಗೆಯ ಅಥವಾ ಕುದುರೆಮಸಾಲೆಯ ಸೊಪ್ಪಿನ ಕಂತೆಯನ್ನು ಅವುಗಳ ಕೊಕ್ಕಿಗೆ ತುಸು ಮೇಲಾಗುವಂತೆ ತೂಗುಹಾಕಬೇಕು. ಮೂರನೆಯ ವಾರದಿಂದ ಅರ್ಧ ಅಡಿ ಎತ್ತರದಲ್ಲಿ, ಅಂಚುಗಳನ್ನು ಉಜ್ಜಿದ ಕೋಲುಗಳನ್ನು ಕಟ್ಟಿದರೆ ಮರಿಗಳು ಏರಿ ಕೂರಲು ಕಲಿಯುವುವು. ಬಲಹೀನವಾದ ಮರಿಗೆ ತಪ್ಪಿಸಿಕೊಳ್ಳಲು ಎಡೆಯೂ ಆಗುವುದು. ಒಂದು ಅಗಲವಾದ ಬುಟ್ಟಿಯಲ್ಲಿ ಬೂದಿ, ಮರಳು, ನಯವಾದ ಮಣ್ಣುಗಳನ್ನು ಬೆರೆಸಿಟ್ಟರೆ ಕೋಳಿಗಳು ಅದರಲ್ಲಿ ಹೊರಳಿ ಮೈಯ ಹೇನುಗಳನ್ನು ಕಳೆದುಕೊಳ್ಳುವುವು. ಹಳೆಯ ಗಡಿಗೆಯಲ್ಲಿ ಹಸಿ ಸಗಣಿಯನ್ನೂ ಹುಲ್ಲನ್ನೂ ತುಂಬಿ ಹೊಲದ ಬದುವಿನಲ್ಲಿ ಗೆದ್ದಲಿರುವ ಕಡೆ ರಾತ್ರಿ ಕವುಚಿಟ್ಟರೆ, ಬೆಳಗಾಗುವಷ್ಟರಲ್ಲಿ ಗೆದ್ದಲು ಕೂಡಿಕೊಂಡಿರುವುದು. ಅದನ್ನು ಕೋಣೆಯಲ್ಲಿ ಕೊಡಹಿದರೆ ಮರಿಗಳಿಗೆ ಸಸಾರಜನಕವೂ ಆಟವೂ ಏಕಕಾಲದಲ್ಲಿ ದೊರೆಯುವುವು. ಗಾಯವಾದ ಮರಿಯನ್ನು ಕೂಡಲೇ ಬೇರ್ಪಡಿಸಿ, ಬೇವಿನ ಎಣ್ಣೆಯನ್ನು ಸವರಿ, ಮಾಯುವವರೆಗೆ ಗುಂಪಿಗೆ ಸೇರಿಸಕೂಡದು.

ರೋಗಗಳು

ಮೂರರಿಂದ ಆರನೆಯ ವಾರದೊಳಗೆ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿ. ಇದರ ಅಣುಜೀವಿಗಳು ಹಸಿ ನೆಲಹಾಸಿನಲ್ಲಿ ಒಂದೆರಡು ದಿವಸಗಳಲ್ಲಿಯೇ ಸೋಂಕುವ ಸ್ಥಿತಿಗೆ ಬರುವುವು. ಕಂಪ್ಲಿಯ ನೀರಾವರಿ ಸೀಮೆಯಲ್ಲಿ ಮಳೆಗಾಲದಲ್ಲಿ ಈ ವಿಷಯದಲ್ಲಿ ಎಚ್ಚರವು ಹೆಚ್ಚಾಗಿ ಬೇಕು. ಪಶುವೈದ್ಯರ ಸಲಹೆಯಂತೆ ಆಂಪ್ರೋಲಿಯಂ ಔಷಧವನ್ನು ನೀರಿನಲ್ಲಿ ಕೊಟ್ಟು, ಹಾಸನ್ನು ಬದಲಾಯಿಸಬೇಕು.

ಎಲ್ಲಕ್ಕಿಂತ ಭಯಂಕರವಾದುದು ರಾಣಿಖೇತ್ ರೋಗ. 1927ರಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತ್ ಊರಿನಲ್ಲಿ ಕಂಡುದರಿಂದ ಈ ದೇಶದಲ್ಲಿ ಅದಕ್ಕೆ ಆ ಹೆಸರು. ಹಸುರು ಭೇದಿ, ಏದುಸಿರು, ರೆಕ್ಕೆ ಕಾಲುಗಳ ಸೋಲು, ಕುತ್ತಿಗೆ ತಿರುಚುವಿಕೆ ಇವು ಅದರ ಲಕ್ಷಣಗಳು. ಬಂದ ಮೇಲೆ ಔಷಧವಿಲ್ಲ. ಊರಿನ ಕೋಳಿಗಳೆಲ್ಲವೂ ವಾರದೊಳಗೆ ಹೋಗುವುದುಂಟು. ಲಸಿಕೆಯೊಂದೇ ರಕ್ಷಣೆ. ಐದರಿಂದ ಏಳನೆಯ ದಿವಸದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ, 28ನೆಯ ದಿವಸ ಮತ್ತೊಮ್ಮೆ ಹನಿ, ಎಂಟನೆಯ ವಾರದಲ್ಲಿ ಸೂಜಿಮದ್ದು. ನಡುವೆ 14ನೆಯ ದಿವಸ ಗಂಬೋರೋ ರೋಗಕ್ಕೂ ಆರನೆಯ ವಾರ ಕೋಳಿಸಿಡುಬಿಗೂ ಲಸಿಕೆ. ಇದು ಸಾಮಾನ್ಯ ಕ್ರಮ.

ಹಕ್ಕಿಜ್ವರವು ಈ ಸೀಮೆಗೆ ದೂರದ ಸುದ್ದಿಯಲ್ಲ. 2025ರ ಆರಂಭದಲ್ಲಿ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಅದು ಕಾಣಿಸಿಕೊಂಡಿತು. ತುಂಗಭದ್ರಾ ಜಲಾಶಯದ ಹಿನ್ನೀರಿಗೂ, 2024ರಲ್ಲಿ ರಾಮ್ಸಾರ್ ತಾಣವೆಂದು ಗಣ್ಯವಾದ ಅಂಕಸಮುದ್ರದ ಕೆರೆಗೂ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುವುವು. ನೀರುಹಕ್ಕಿಗಳ ಮೂಲಕ ಈ ರೋಗವು ಹರಡಬಲ್ಲುದಾದುದರಿಂದ, ಆ ತಿಂಗಳುಗಳಲ್ಲಿ ಮರಿಗಳನ್ನು ಒಳಗಿಡುವುದೂ, ಕೆರೆಯ ನೀರನ್ನು ಕಾಯಿಸದೆ ಕುಡಿಸದಿರುವುದೂ ಕ್ಷೇಮಕರ. ಕೋಳಿಗಳು ಹಠಾತ್ತಾಗಿ ಸತ್ತರೆ ಅವುಗಳನ್ನು ಕೊಯ್ಯುವುದಾಗಲಿ, ಮಾರುವುದಾಗಲಿ, ಕಾಲುವೆಗೆ ಎಸೆಯುವುದಾಗಲಿ ಕೂಡದು. ಬರಿಗೈಯಿಂದ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ರೋಗವನ್ನು ತಡೆಯುವುದಕ್ಕಾಗಿ ಸರ್ಕಾರವು ಕೊಲ್ಲಿಸಿದ ಕೋಳಿಗಳಿಗೆ ಪರಿಹಾರವುಂಟು, ರೋಗದಿಂದ ಮೊದಲೇ ಸತ್ತವುಗಳಿಗಿಲ್ಲ. ಆದುದರಿಂದ ಮುಚ್ಚಿಟ್ಟವನಿಗೇ ನಷ್ಟವು ಹೆಚ್ಚು.

ಊರ ಪ್ರಮುಖರ ಕರ್ತವ್ಯ

ರಾಣಿಖೇತ್ ಲಸಿಕೆಯು ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗಾಗುವ ಸೀಸೆಗಳಲ್ಲಿ ಬರುವುದು. ಬೆರೆಸಿದ ಎರಡು ಗಂಟೆಯೊಳಗೆ ಅದನ್ನು ಮುಗಿಸಬೇಕು. ಅಲ್ಲಿಯವರೆಗೂ ಮಂಜುಗಡ್ಡೆಯ ಮೇಲಿಡಬೇಕು. ಎಂಟು ಹತ್ತು ಕೋಳಿಗಳನ್ನಿಟ್ಟ ಬಡ ಹೆಂಗಸು ಇದನ್ನು ತಾನೊಬ್ಬಳೇ ತರಿಸಲಾರಳು. ಇನ್ನು, ಜಮೀನುದಾರನು ತನ್ನ 50 ಮರಿಗಳಿಗೆ ಲಸಿಕೆ ಹಾಕಿಸಿ ಪಕ್ಕದ ಕೇರಿಯನ್ನು ಬಿಟ್ಟನೆಂದರೆ, ರೋಗವು ಆ ಕೇರಿಯಲ್ಲಿ ನೆಲೆಗೊಂಡು, ಅವನ ಮನೆಯ ಮುಂದಿನ ಲಸಿಕೆಯಾಗದ ಮರಿಗಳಿಗಾಗಿ ಕಾದಿರುವುದು. ಗೋಡೆಯು ಮುಂಗುಸಿಯನ್ನು ತಡೆದೀತು. ಕಾಲಿಗೆ ಅಂಟಿಕೊಂಡು ಬರುವ ಸೋಂಕನ್ನು ತಡೆಯದು.

ಆದಕಾರಣ ಪ್ರತಿಯೊಂದು ಊರಿನ ಪ್ರಮುಖರೂ ತಿಂಗಳಿಗೊಂದು ದಿವಸವನ್ನು ಗೊತ್ತುಮಾಡಿ, ಹಿಂದಿನ ದಿನವೇ ಡಂಗುರ ಹೊಡೆಸಿ, ಮುಂಜಾನೆ ಕೋಳಿಗಳನ್ನು ಹೊರಗೆ ಬಿಡುವ ಮುನ್ನ ಊರಿನ ಎಲ್ಲ ಕೇರಿಗಳಲ್ಲಿಯೂ ಲಸಿಕೆ ಹಾಕಿಸತಕ್ಕದ್ದು. ಯಾವ ಮನೆಯಲ್ಲಿ ಎಷ್ಟು ಮರಿಗಳು, ಯಾವ ದಿವಸ ಹುಟ್ಟಿದುವು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಪಶು ಆಸ್ಪತ್ರೆಯಿಂದ ಎಷ್ಟು ಸೀಸೆಗಳನ್ನು ತರಿಸಬೇಕೆಂಬುದು ಮೊದಲೇ ತಿಳಿಯುವುದು. ಮಂಜುಗಡ್ಡೆಗೂ ವಾಹನಕ್ಕೂ ಆಗುವ ಅಲ್ಪ ವೆಚ್ಚವನ್ನು ಅನುಕೂಲಸ್ಥರು ಹಂಚಿಕೊಂಡರೆ ಅದು ದಾನವೂ ಆಗುವುದು, ಅವರ ಸ್ವಂತ ಕೋಳಿಗಳಿಗೆ ಕಾವಲೂ ಆಗುವುದು.