ಅಟಾರಿಯ ಬಾಗಿಲಲ್ಲಿ ವೃದ್ಧರ ವೀಸಾ

ಅಮೃತಸರಕ್ಕೂ ಲಾಹೋರಿಗೂ ನಡುವಣ ದೂರವು ಸುಮಾರು 50 ಕಿಲೋಮೀಟರು. ಬೆಂಗಳೂರಿನಿಂದ ರಾಮನಗರಕ್ಕೆ ಹೋಗಿಬರುವ ವಾಚಕರಿಗೆ ಅದರ ಅಳತೆಯನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಆದರೆ ಉಭಯ ದೇಶಗಳ ಬಾಗಿಲು ತೆರೆದಿದ್ದ ಕಾಲದಲ್ಲಿಯೂ ಅಮೃತಸರದ ಗೃಹಸ್ಥನೊಬ್ಬನು ಲಾಹೋರಿನಲ್ಲಿರುವ ಬಂಧುವಿನ ಮನೆಯ ಮದುವೆಗೆ ಹೋಗಬೇಕೆಂದು ಸಂಕಲ್ಪಿಸಿದರೆ, ಅವನ ಅರ್ಜಿಯು ಪಶ್ಚಿಮಕ್ಕೆ ಹೋಗುವಂತಿರಲಿಲ್ಲ. ಅದು ಮೊದಲು ಆಗ್ನೇಯಕ್ಕೆ, ಸುಮಾರು 450 ಕಿಲೋಮೀಟರು ಆಚೆಯ ದಿಲ್ಲಿಗೆ, ಅಲ್ಲಿರುವ ಪಾಕಿಸ್ತಾನದ ಹೈಕಮಿಷನರ ಕಚೇರಿಗೆ ಹೋಗಬೇಕಾಗಿತ್ತು. ಲಾಹೋರಿನವನ ಅರ್ಜಿಯು ಅದೇ ಪ್ರಕಾರ ಇಸ್ಲಾಮಾಬಾದಿಗೆ ಪ್ರಯಾಣಮಾಡುತ್ತಿತ್ತು. ಕರಾಚಿಯಲ್ಲಿದ್ದ ನಮ್ಮ ದೂತ ಕಚೇರಿಯೂ ಮುಂಬಯಿಯಲ್ಲಿದ್ದ ಅವರ ದೂತ ಕಚೇರಿಯೂ 1994ರಲ್ಲಿಯೇ ಮುಚ್ಚಿಹೋದುವು. ಪಕ್ಕದ ಮನೆಗೆ ಹೋಗಲು ಊರೆಲ್ಲ ಸುತ್ತಿ ಬರಬೇಕಾದ ಈ ಏರ್ಪಾಡಿನಲ್ಲಿ ಒಂದು ಸಣ್ಣ ಸಡಿಲಿಕೆಯನ್ನು ಮಾಡುವ ಮನಸ್ಸು 2012ರಲ್ಲಿ ಎರಡು ಸರಕಾರಗಳಿಗೂ ಬಂದಿತು. ಅದು ಯಾರಿಗಾಗಿ ಮಾಡಿದ ಸಡಿಲಿಕೆ, ಅದರ ಗತಿ ಏನಾಯಿತು, ಅದರಲ್ಲಿ ಇನ್ನೂ ಉಳಿಸಿಕೊಳ್ಳಬಹುದಾದ ಭಾಗವಾವುದು ಎಂಬುದನ್ನು ಇಲ್ಲಿ ವಿಚಾರಮಾಡಬೇಕೆಂದಿದ್ದೇವೆ.

ಈ ಎರಡು ಪಟ್ಟಣಗಳು ಒಂದು ಕಾಲಕ್ಕೆ ಒಂದೇ ಸಂಸಾರದ ಎರಡು ಕೋಣೆಗಳಂತೆ ಇದ್ದುವು. ಇವುಗಳ ನಡುವೆ 1862ರಲ್ಲಿ ರೈಲು ಓಡತೊಡಗಿತು. ಪಂಜಾಬಿನ ವಿಶ್ವವಿದ್ಯಾಲಯವೂ ಹೈಕೋರ್ಟೂ ಇದ್ದುದು ಲಾಹೋರಿನಲ್ಲಿ. ಆದುದರಿಂದ ಅಮೃತಸರದ ವಿದ್ಯಾರ್ಥಿಯು ಪದವಿಗಾಗಿಯೂ, ಕಕ್ಷಿಗಾರನು ಅಪೀಲಿಗಾಗಿಯೂ ಅಲ್ಲಿಗೇ ಹೋಗಬೇಕು. ಕವಿ ಫೈಜ್ ಅಹಮದ್ ಫೈಜ್‌ರು ಅಧ್ಯಾಪಕವೃತ್ತಿಯನ್ನು ಆರಂಭಿಸಿದುದು ಅಮೃತಸರದ ಕಾಲೇಜಿನಲ್ಲಿ. ಕತೆಗಾರ ಸಾದತ್ ಹಸನ್ ಮಂಟೋ ಬೆಳೆದುದು ಅಮೃತಸರದಲ್ಲಿ, 1955ರಲ್ಲಿ ಕಣ್ಣು ಮುಚ್ಚಿದುದು ಲಾಹೋರಿನಲ್ಲಿ. 1947ರ ಆಗಸ್ಟ್ 17ರಂದು ರಾಡ್‌ಕ್ಲಿಫ್ ಮಹಾಶಯನ ಗೆರೆಯು ಪ್ರಕಟವಾಗಿ, ಅಟಾರಿಯು ನಮಗೂ ವಾಘಾ ಗ್ರಾಮವು ಅವರಿಗೂ ಸೇರಿದುವು. ಆ ತಿಂಗಳುಗಳ ರಕ್ತಪಾತವನ್ನು ಇಲ್ಲಿ ವರ್ಣಿಸುವುದು ಅನಾವಶ್ಯಕ.

ಆದರೆ ಒಂದು ಸಂಗತಿಯನ್ನು ಅನೇಕರು ಮರೆತಿದ್ದಾರೆ. ಗೆರೆಯು ಬಿದ್ದ ಕೂಡಲೇ ಕಾಗದವು ಬರಲಿಲ್ಲ. ಸುಮಾರು ಹನ್ನೊಂದು ತಿಂಗಳ ಕಾಲ ಈ ಗಡಿಯನ್ನು ದಾಟಲು ಧೈರ್ಯವು ಬೇಕಾಗಿದ್ದಿತೇ ಹೊರತು ಸರಕಾರದ ರಹದಾರಿಯು ಬೇಕಾಗಿರಲಿಲ್ಲ. 1948ರ ಜುಲೈಯಲ್ಲಿ ನಮ್ಮ ಸರಕಾರವು ಸುಗ್ರೀವಾಜ್ಞೆಯ ಮೂಲಕ ಪರ್ಮಿಟ್ ಪದ್ಧತಿಯನ್ನು ತಂದಿತು. ಕೆಲವು ತಿಂಗಳೊಳಗಾಗಿ ಪಾಕಿಸ್ತಾನವೂ ಅದನ್ನೇ ಅನುಸರಿಸಿತು. 1952ರ ಅಕ್ಟೋಬರ್ 15ರಿಂದ ಪಾಸ್‌ಪೋರ್ಟೂ ವೀಸಾವೂ ಕಡ್ಡಾಯವಾದುವು. ತಾತ್ಕಾಲಿಕವೆಂದು ಹಾಕಿದ ಬೇಲಿ ಹೀಗೆ ಮೆಟ್ಟಲು ಮೆಟ್ಟಲಾಗಿ ಗೋಡೆಯಾಯಿತು.

1965 ಮತ್ತು 1971ರ ಯುದ್ಧಗಳು ಇದ್ದ ದಾರಿಗಳನ್ನೂ ಕಡಿದುವು. 1974ರಲ್ಲಿ ವೀಸಾದ ಒಡಂಬಡಿಕೆಯಾಯಿತು. 1976ರ ಜುಲೈ 22ರಂದು ಅಮೃತಸರ-ಲಾಹೋರುಗಳ ನಡುವೆ ಸಮ್‌ಝೌತಾ ರೈಲು ಹೊರಟಿತು. ಈ ಒಡಂಬಡಿಕೆಯ ವೀಸಾ ಎಂಥದೆಂದರೆ, ಅದು ದೇಶಕ್ಕೆ ಕೊಟ್ಟುದಲ್ಲ, ಊರಿಗೆ ಕೊಟ್ಟುದು. ಲಾಹೋರೆಂದು ಬರೆದಿದ್ದರೆ ಲಾಹೋರು ಮಾತ್ರ. ಅಲ್ಲಿಂದ ಮುಂದಿನ ಊರಿನಲ್ಲಿರುವ ಅಕ್ಕನ ಮನೆಗೆ ಹೋದರೆ ಅಪರಾಧ. ಊರನ್ನು ಮುಟ್ಟಿದ 24 ಗಂಟೆಗಳೊಳಗೆ ಪೋಲೀಸು ಠಾಣೆಗೆ ಹೋಗಿ ಹಾಜರಿ ಕೊಡಬೇಕು. ಬಿಡುವಾಗ ಪುನಃ ತಿಳಿಸಿ ಬಿಡಬೇಕು. ಎಂಬತ್ತು ವರ್ಷದ ಮುದುಕಿಯು ತಮ್ಮನ ಮುಖವನ್ನು ನೋಡುವುದಕ್ಕೆ ಮುಂಚೆ ಠಾಣೆಯ ಬೆಂಚಿನ ಮೇಲೆ ಕುಳಿತಿರಬೇಕಾದ ನಿಯಮವಿದು. ಎರಡು ದೇಶಗಳಲ್ಲಿಯೂ ಹೀಗೆಯೇ ಇದ್ದುದರಿಂದ ಒಬ್ಬರು ಇನ್ನೊಬ್ಬರನ್ನು ಆಕ್ಷೇಪಿಸುವಂತಿರಲಿಲ್ಲ.

1999ರ ಫೆಬ್ರವರಿ 20ರಂದು ಪ್ರಧಾನಿ ವಾಜಪೇಯಿಯವರು ಬಸ್ಸಿನಲ್ಲಿ ಕುಳಿತು ವಾಘಾ ದ್ವಾರವನ್ನು ದಾಟಿದುದು ವಾಚಕರ ನೆನಪಿನಲ್ಲಿರಬಹುದು. ಪಾರ್ಲಿಮೆಂಟಿನ ಮೇಲೆ 2001ರ ಡಿಸೆಂಬರಿನಲ್ಲಿ ನಡೆದ ದಾಳಿಯ ತರುವಾಯ ಆ ಬಸ್ಸು ನಿಂತಿತು. 2003ರ ಜುಲೈಯಲ್ಲಿ ಪುನಃ ಹೊರಟಿತು. ಪುನಃ ಹೊರಟ ಮೊದಲ ಬಸ್ಸಿನಲ್ಲಿ ಹೃದಯದಲ್ಲಿ ದೋಷವಿದ್ದ ಪಾಕಿಸ್ತಾನದ ಪುಟ್ಟ ಹೆಣ್ಣುಮಗುವೊಂದು ತಂದೆತಾಯಿಗಳೊಡನೆ ಬಂದಿತು. ಅದಕ್ಕೆ ಶಸ್ತ್ರಚಿಕಿತ್ಸೆಯಾದುದು ನಮ್ಮ ಬೆಂಗಳೂರಿನಲ್ಲಿ. ಆ ದಿನಗಳಲ್ಲಿ ಬೆಂಗಳೂರಿನ ಜನರು ಆ ಮಗುವಿಗಾಗಿ ತೋರಿದ ಕಾತರವು ಯಾವ ವಿದೇಶಾಂಗ ಇಲಾಖೆಯ ಆಜ್ಞೆಯಿಂದಲೂ ಉಂಟಾದುದಲ್ಲ. 2006ರ ಜನವರಿಯಲ್ಲಿ ಅಮೃತಸರ-ಲಾಹೋರುಗಳ ನಡುವೆಯೇ ಬೇರೊಂದು ಬಸ್ಸು ಆರಂಭವಾಯಿತು. ಆದರೆ ಬಸ್ಸು ಬಂದರೇನು? ಬಸ್ಸಿನ ಚೀಟಿಯು ಊರಲ್ಲಿಯೇ ಸಿಕ್ಕಬಹುದು. ವೀಸಾಕ್ಕಾಗಿ ಮಾತ್ರ ದಿಲ್ಲಿಗೇ ಬರೆಯಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. 2012ರ ಸೆಪ್ಟೆಂಬರ್ 8ರಂದು ಇಸ್ಲಾಮಾಬಾದಿನಲ್ಲಿ ಹೊಸ ವೀಸಾ ಒಡಂಬಡಿಕೆಗೆ ಸಹಿಯಾಯಿತು. ಪಾಕಿಸ್ತಾನದ ಪರವಾಗಿ ಗೃಹಮಂತ್ರಿ ರೆಹಮಾನ್ ಮಲಿಕ್‌ರೂ, ಭಾರತದ ಪರವಾಗಿ ಆಗಿನ ವಿದೇಶಾಂಗ ಮಂತ್ರಿಗಳೂ ನಮ್ಮ ಮಂಡ್ಯದ ಸೀಮೆಯವರೂ ಆದ ಶ್ರೀ ಎಸ್. ಎಂ. ಕೃಷ್ಣರೂ ಸಹಿ ಹಾಕಿದರು. ಮೂರು ಊರುಗಳ ಬದಲು ಐದು ಊರುಗಳನ್ನು ನೋಡಬಹುದೆಂದೂ, 65 ವರ್ಷ ಮೀರಿದವರೂ 12 ವರ್ಷದೊಳಗಿನ ಮಕ್ಕಳೂ ಠಾಣೆಗೆ ಹೋಗಿ ಹಾಜರಿ ಕೊಡಬೇಕಾದುದಿಲ್ಲವೆಂದೂ ಅದರಲ್ಲಿ ನಿರ್ಣಯವಾಯಿತು. ಇವೆಲ್ಲಕ್ಕಿಂತಲೂ ನಾವು ಹೆಚ್ಚಿನದೆಂದು ಎಣಿಸುವುದು ಮತ್ತೊಂದನ್ನು: 65 ವರ್ಷ ಮೀರಿದವರಿಗೆ ಅಟಾರಿ-ವಾಘಾ ತನಿಖಾ ಠಾಣೆಯಲ್ಲಿಯೇ, ಬಂದಲ್ಲಿಯೇ, 45 ದಿನಗಳ ವೀಸಾವನ್ನು ಕೊಡತಕ್ಕುದು. ಅಂದರೆ ಆ ವಯಸ್ಸಿನವರ ಅರ್ಜಿಯು ದೂರದ ರಾಜಧಾನಿಗೆ ಹೋಗಬೇಕಾದುದಿಲ್ಲ. ಬಾಗಿಲಿಗೆ ಬಂದು ಪಾಸ್‌ಪೋರ್ಟನ್ನು ತೋರಿಸಿ, ಅಧಿಕಾರಿಯ ಪ್ರಶ್ನೆಗಳಿಗೆ ಉತ್ತರವಿತ್ತು, ಅನುಮತಿಯ ಮುದ್ರೆಯನ್ನು ಹಾಕಿಸಿಕೊಂಡು ಒಳಗೆ ನಡೆಯಬಹುದು.

ಈ 65 ಎಂಬ ಸಂಖ್ಯೆಯನ್ನು ಗೊತ್ತುಮಾಡಿದ ಅಧಿಕಾರಿಗಳು ಮುದುಕರಿಂದ ಅಪಾಯವು ಕಡಿಮೆ ಎಂಬಷ್ಟನ್ನೇ ಯೋಚಿಸಿದ್ದಿರಬಹುದು. ಆದರೆ ಲೆಕ್ಕಹಾಕಿ ನೋಡಿರಿ. ಈ ಕಲಮು ಜಾರಿಗೆ ಬರತಕ್ಕ ದಿನವೆಂದು ಗೊತ್ತಾಗಿದ್ದುದು 2013ರ ಜನವರಿ 15. ಆ ದಿನಕ್ಕೆ 65 ತುಂಬಿದವರೆಲ್ಲರೂ 1948ರ ಜನವರಿ 15ಕ್ಕೆ ಮೊದಲೇ ಹುಟ್ಟಿದವರು. ಪರ್ಮಿಟ್ ಪದ್ಧತಿಯು ಬಂದುದು ಅದೇ ವರ್ಷದ ಜುಲೈಯಲ್ಲಿ. ಆ ಬಾಗಿಲಿನ ಮುಂದೆ ನಿಲ್ಲಲು ಅರ್ಹರಾಗಿದ್ದ ಪ್ರತಿಯೊಬ್ಬ ವ್ಯಕ್ತಿಯೂ ಅಮೃತಸರದಿಂದ ಲಾಹೋರಿಗೆ ಕಾಗದವಿಲ್ಲದೆ ಹೋಗಬಹುದಾಗಿದ್ದ ಕಾಲದಲ್ಲಿ ಹುಟ್ಟಿದವನು. ಬಹುಪಾಲು ಜನರು ಗೆರೆಗಿಂತಲೂ ಹಿರಿಯರು. ಇವರಿಗೆ ಸರಕಾರವು ಹೊಸದಾಗಿ ಒಂದು ಅನುಗ್ರಹವನ್ನು ಮಾಡುತ್ತಿರಲಿಲ್ಲ. ಅವರು ಹುಟ್ಟುವಾಗ ಅವರಿಗಿದ್ದ ಒಂದು ಸೌಕರ್ಯದಲ್ಲಿ ಅತ್ಯಲ್ಪ ಭಾಗವನ್ನು, 45 ದಿನಗಳ ಮಟ್ಟಿಗೆ, ಹಿಂದಿರುಗಿಸುತ್ತಿತ್ತು.

ಆದರೆ ಆ ಜನವರಿ 8ರಂದು ಕಾಶ್ಮೀರದ ನಿಯಂತ್ರಣ ರೇಖೆಯಲ್ಲಿ ನಮ್ಮ ಇಬ್ಬರು ಯೋಧರನ್ನು ಕೊಂದು, ಒಬ್ಬರ ಶಿರಸ್ಸನ್ನು ಕತ್ತರಿಸಿದರು. ದೇಶವೆಲ್ಲ ಕೆರಳಿತು, ಕೆರಳಬೇಕಾದುದೂ ನ್ಯಾಯವೇ. ಒಂದು ವಾರದ ಮೇಲೆ, ವೃದ್ಧರ ವೀಸಾ ಆರಂಭವಾಗತಕ್ಕ ದಿನವೇ, ಅದಕ್ಕೆ ತಡೆಯಾಜ್ಞೆ ಬಂದಿತು. ಅದು ಉದ್ದೇಶಿಸಿದ ರೀತಿಯಲ್ಲಿ ಆಮೇಲೆ ಎಂದೂ ನೆಲೆಗೊಳ್ಳಲಿಲ್ಲ. 2019ರ ಆಗಸ್ಟಿನಲ್ಲಿ ರೈಲು ನಿಂತಿತು. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರ ಕೊಲೆಯಾದ ಮರುದಿನ ಅಟಾರಿಯ ಠಾಣೆಯನ್ನು ಮುಚ್ಚುವ ನಿರ್ಣಯವು ಹೊರಟು, ಪಾಕಿಸ್ತಾನದ ಪ್ರಜೆಗಳಿಗೆ ಕೊಟ್ಟಿದ್ದ ವೀಸಾಗಳು ಕೆಲವೇ ದಿನಗಳೊಳಗೆ ರದ್ದಾದುವು.

ಸರಕಾರದ ಪಕ್ಷವನ್ನು ನಾವು ಹಗುರವಾಗಿ ಕಾಣುವವರಲ್ಲ. ತನ್ನ ಪ್ರಜೆಗಳನ್ನು ಕೊಂದವರಿಗೆ ಆಶ್ರಯ ಕೊಡುವ ನೆರೆಯವನೊಡನೆ ಎಂದಿನಂತೆ ವ್ಯವಹರಿಸಬೇಕೆಂದು ಯಾವ ಸರಕಾರಕ್ಕೂ ಹೇಳುವುದು ಸಾಧ್ಯವಿಲ್ಲ. ಗಡಿಯ ಬಾಗಿಲೇ ನಿರಪಾಯವಾದುದೆಂದೂ ಹೇಳಲಾಗದು: 2014ರ ನವೆಂಬರ್ 2ರಂದು ವಾಘಾದಲ್ಲಿ, ಅವರ ಕಡೆಯಲ್ಲಿಯೇ, ಸಂಜೆಯ ಕವಾಯತನ್ನು ನೋಡಿ ಹಿಂದಿರುಗುತ್ತಿದ್ದ ಜನರ ನಡುವೆ ಆತ್ಮಾಹುತಿ ದಾಳಿಯಾಗಿ 50ಕ್ಕಿಂತ ಹೆಚ್ಚು ಜನರು ಸತ್ತರು. ಸಮ್‌ಝೌತಾ ರೈಲಿನಲ್ಲಿ 2007ರ ಫೆಬ್ರವರಿಯಲ್ಲಿ, ಪಾಣಿಪತದ ಬಳಿ, ಬಾಂಬು ಸಿಡಿದು 68 ಜನರು ಸುಟ್ಟು ಸತ್ತರು. ಅವರಲ್ಲಿ ಬಹುಮಂದಿ ಪಾಕಿಸ್ತಾನದ ಪ್ರಯಾಣಿಕರೇ. ಆದರೂ ಕೊಲೆಗಾರರು ಯಾವ ದಾರಿಯಿಂದ ಬರುತ್ತಾರೆಂಬುದನ್ನು ವಿಚಾರಿಸಬೇಕಷ್ಟೆ. 2008ರಲ್ಲಿ ಮುಂಬಯಿಯನ್ನು ಹೊಕ್ಕವರು ಸಮುದ್ರದ ಮೇಲೆ ಬಂದರು. ಅವರಿಗೆ ಮೊದಲೇ ಸ್ಥಳಗಳನ್ನು ನೋಡಿಕೊಟ್ಟ ಹೆಡ್ಲಿ ಎಂಬಾತನು ಸಕ್ರಮವಾದ ವೀಸಾವನ್ನೇ ಪಡೆದು ಬಂದನು; ಆದರೆ ಅದನ್ನು ಕೊಟ್ಟುದು ಅಟಾರಿಯಲ್ಲಲ್ಲ, ಅವನ ಕೈಯಲ್ಲಿದ್ದುದು ಅಮೆರಿಕದ ಪಾಸ್‌ಪೋರ್ಟು. ಹೆಸರು, ಊರು, ಬೆರಳಚ್ಚು ಎಲ್ಲವನ್ನೂ ಬರೆಯಿಸಿಕೊಳ್ಳುವ ಬಾಗಿಲಿನ ಮುಂದೆ ಊರುಗೋಲನ್ನು ಹಿಡಿದು ನಿಲ್ಲುವವರನ್ನು ಆ ಪಂಗಡಕ್ಕೆ ಸೇರಿಸುವುದು ವಿವೇಕವೆಂದು ನಮಗೆ ತೋರುವುದಿಲ್ಲ.

ಇತರ ನೆರೆಹೊರೆಗಳನ್ನು ನೋಡಿದರೂ ಇದೇ ತೋರುತ್ತದೆ. ಬಿಹಾರದ ರಕ್ಸೌಲಿನಿಂದ ನೇಪಾಳದ ಬೀರ್‌ಗಂಜಿಗೆ ನಮ್ಮವರೂ ಅವರೂ ವೀಸಾ ಇಲ್ಲದೆ ಹೋಗಿಬರುತ್ತಾರೆ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ನಮ್ಮ ವಿಮಾನವನ್ನೇ ಅಪಹರಿಸಿದರು. ಆಗ ವಿಮಾನಯಾತ್ರಿಕರ ತಪಾಸಣೆಯನ್ನು ಬಿಗಿಮಾಡಿದರೇ ಹೊರತು, ರಕ್ಸೌಲಿನ ತರಕಾರಿ ಮಾರುವವಳಿಗೆ ಬಾಗಿಲು ಹಾಕಲಿಲ್ಲ. ಸಿಂಗಪುರವು 1965ರಲ್ಲಿ ಕಹಿ ಮನಸ್ಸಿನಿಂದಲೇ ಮಲೇಷ್ಯದಿಂದ ಬೇರೆಯಾಯಿತು. 1967ರಿಂದ ಅಲ್ಲಿಯ ಸೇತುವೆಯ ಮೇಲೂ ಪಾಸ್‌ಪೋರ್ಟು ಬಂದಿತು. ಆದರೂ ಸುಮಾರು ಒಂದು ಕಿಲೋಮೀಟರಿನ ಆ ಸೇತುವೆಯನ್ನು ದಾಟಿ ಜೊಹೋರ್ ಬಾರುವಿಗೂ ಸಿಂಗಪುರಕ್ಕೂ ದಿನವೂ ಲಕ್ಷಗಟ್ಟಲೆ ಜನರು ಕೂಲಿಗೂ ಶಾಲೆಗೂ ಓಡಾಡುತ್ತಾರೆ. ಆ ದೇಶಗಳ ನಡುವೆ ಯುದ್ಧಗಳಾಗಿಲ್ಲವೆಂಬುದು ನಿಜ. ಆದುದರಿಂದ ಅಷ್ಟನ್ನು ನಾವು ಕೇಳುವುದಿಲ್ಲ.

ಕೇಳುವುದಕ್ಕೆ ನಮ್ಮ ಗಡಿಯಲ್ಲಿಯೇ ಉದಾಹರಣೆಯಿದೆ. ರೈಲು ನಿಂತ ಮೂರು ತಿಂಗಳೊಳಗೆ, 2019ರ ನವೆಂಬರ್ 9ರಂದು, ಡೇರಾ ಬಾಬಾ ನಾನಕದಿಂದ ಕರ್ತಾರಪುರದ ಗುರುದ್ವಾರಕ್ಕೆ ದಾರಿಯು ತೆರೆಯಿತು. ಗುರು ನಾನಕರು ತಮ್ಮ ಕೊನೆಯ ವರ್ಷಗಳನ್ನು ಕಳೆದ ಆ ಸ್ಥಳವು ಗಡಿಯಿಂದ ಐದು ಕಿಲೋಮೀಟರಿನೊಳಗಿದೆ. ವೀಸಾ ಬೇಡ, ಪಾಸ್‌ಪೋರ್ಟು ಬೇಕು, ಮುಂಚಿತವಾಗಿ ಹೆಸರು ಬರೆಯಿಸಬೇಕು, 20 ಡಾಲರು ಕೊಡಬೇಕು, ಸಂಜೆಯೊಳಗೆ ಹಿಂದಿರುಗಬೇಕು, ದಿನಕ್ಕೆ 5000 ಜನರ ಮಿತಿ. ವಿಭಜನೆಯಲ್ಲಿ ಅಗಲಿದ ಅಣ್ಣತಮ್ಮಂದಿರಿಬ್ಬರು 74 ವರ್ಷಗಳ ಮೇಲೆ, 2022ರ ಜನವರಿಯಲ್ಲಿ, ಅಪ್ಪಿಕೊಂಡುದು ಅಲ್ಲಿಯೇ. 2025ರ ಮೇ ತಿಂಗಳಲ್ಲಿ ನಮ್ಮ ಸರಕಾರವು ಆ ದಾರಿಯನ್ನು ನಿಲ್ಲಿಸಿತು. ಆದರೆ ಅದೇ ವರ್ಷದ ನವೆಂಬರಿನಲ್ಲಿ ಗುರು ನಾನಕರ ಜಯಂತಿಗಾಗಿ ಹೊರಟ ಸಿಖ್ ಯಾತ್ರಿಕರಿಗೆ ಅಟಾರಿಯ ಬಾಗಿಲನ್ನು ತೆಗೆದುಕೊಟ್ಟಿತು. ಮುಚ್ಚಿದ ಬಾಗಿಲನ್ನು ಒಂದು ಗೊತ್ತಾದ ವರ್ಗಕ್ಕೆ, ಗೊತ್ತಾದ ಷರತ್ತುಗಳ ಮೇಲೆ, ತೆರೆಯುವುದು ಅಸಾಧ್ಯವಲ್ಲವೆಂಬುದು ಇದರಿಂದ ಸಿದ್ಧವಾಯಿತು.

ದೊಡ್ಡವರಿಗೆ ಇಂಥ ವಿಚಾರಗಳು ಬೇಕಾಗುವುದಿಲ್ಲ ಎನ್ನುವಿರಾ? ದಿಲ್ಲಿಯಲ್ಲಿ ಹುಟ್ಟಿದ ಜನರಲ್ ಮುಷರಫ್‌ರು 2001ರಲ್ಲಿ ಅಧ್ಯಕ್ಷರಾಗಿ ಬಂದಾಗ ತಾವು ಹುಟ್ಟಿದ ಹವೇಲಿಯನ್ನು ನೋಡಿದರು. ಅತ್ತ ಪಂಜಾಬಿನ ಗಾಹ್ ಎಂಬ ಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದ ಡಾ. ಮನಮೋಹನ ಸಿಂಗರು ಹತ್ತು ವರ್ಷ ನಮ್ಮ ಪ್ರಧಾನಿಯಾಗಿದ್ದರೂ ಆ ಅವಧಿಯಲ್ಲಿ ಒಮ್ಮೆಯೂ ಪಾಕಿಸ್ತಾನಕ್ಕೆ ಹೋಗಲಾಗಲಿಲ್ಲ. 2012ರ ಒಡಂಬಡಿಕೆಯಾದುದು ಅವರ ಸರಕಾರದಲ್ಲಿಯೇ. ಅವರೂ, ಅದಕ್ಕೆ ಸಹಿ ಹಾಕಿದ ಕೃಷ್ಣರೂ 2024ರ ಡಿಸೆಂಬರಿನಲ್ಲಿ, ಒಂದೇ ತಿಂಗಳಿನಲ್ಲಿ, ತೀರಿಕೊಂಡರು.

ಈ ವಿಷಯದಲ್ಲಿ ಕಾಲವೇ ಮುಖ್ಯವಾದುದು. ವ್ಯಾಪಾರದ ಒಪ್ಪಂದವನ್ನು ಹತ್ತು ವರ್ಷ ತಡೆದಿಟ್ಟರೆ ಹತ್ತು ವರ್ಷಗಳ ಲಾಭವು ಹೋಗುತ್ತದೆ, ವ್ಯಾಪಾರಿಯು ಉಳಿಯುತ್ತಾನೆ. ಇಲ್ಲಿ ಫಲಾನುಭವಿಯೇ ಉಳಿಯುವುದಿಲ್ಲ. ವಿಭಜನೆಯ ವರ್ಷದಲ್ಲಿ ಹತ್ತು ವರ್ಷದ ಹುಡುಗನಾಗಿದ್ದವನು ಈಗ ಎಂಬತ್ತೆಂಟನ್ನು ಮುಟ್ಟಿದ್ದಾನೆ. ತನ್ನ ಓಣಿಯ ಬಾವಿ ಎಲ್ಲಿತ್ತು, ಮನೆಯ ಮೆಟ್ಟಲು ಎಷ್ಟು ಎಂದು ಹೇಳಬಲ್ಲವರು ಇವರ ಹಿಂದೆ ಯಾರೂ ಬರುತ್ತಿಲ್ಲ.

ಆದುದರಿಂದ ನಮ್ಮ ಸೂಚನೆಯು ಇಷ್ಟೇ. ಉಳಿದ ವೀಸಾಗಳ ಮಾತನ್ನು ಸರಕಾರಗಳು ತಮಗೆ ತೋರಿದಾಗ ತೀರ್ಮಾನಿಸಲಿ. ವೃದ್ಧರ ಕಲಮನ್ನು ಮಾತ್ರ ಅದರಿಂದ ಬಿಡಿಸಿ ತೆಗೆಯಲಿ. 2012ರ ವಾಕ್ಯವನ್ನು ಹಾಗೆಯೇ ಊರ್ಜಿತಗೊಳಿಸಿದರೆ ಸಾಲದು, ಏಕೆಂದರೆ ಈಗ 65ನ್ನು ಮುಟ್ಟುವವರು 1960ರ ಈಚೆಗೆ ಹುಟ್ಟಿದವರು. ಅವರಿಗೂ ಆಚೆಯ ದಡಕ್ಕೂ ಇರುವ ಸಂಬಂಧವು ಕೇಳಿ ತಿಳಿದುದು. ‘65 ವರ್ಷ ಮೀರಿದ’ ಎಂಬ ಮಾತುಗಳನ್ನು ಹೊಡೆದುಹಾಕಿ ‘1948ರ ಜುಲೈಗೆ ಮೊದಲು ಹುಟ್ಟಿದ’ ಎಂದು ಬರೆಯತಕ್ಕುದು. ಅವರಲ್ಲಿ ಅತ್ಯಂತ ಕಿರಿಯರೂ 77ನ್ನು ದಾಟಿದವರು. ಅಟಾರಿಯೊಂದೇ ದ್ವಾರ, ಬಂದ ದ್ವಾರದಿಂದಲೇ ಹಿಂದಿರುಗಬೇಕು, ಹೆಸರನ್ನು ಕರ್ತಾರಪುರದಂತೆ ಮುಂಚಿತವಾಗಿ ಕೊಡಬೇಕು, ಬೇಡವೆನಿಸಿದವರನ್ನು ಮೊದಲೇ ನಿರಾಕರಿಸುವ ಹಕ್ಕು ಉಭಯ ಸರಕಾರಗಳಿಗೂ ಇರಲಿ, ನಡೆಯಲಾರದವರ ಜೊತೆಗೆ ಮನೆಯವರೊಬ್ಬರು ಬರಬಹುದು. 2012ರ ಕಲಮಿನಲ್ಲಿ ಈ ಕೊನೆಯದು ಇರಲಿಲ್ಲವೆಂದು ಅಧಿಕಾರಿಗಳು ಆಕ್ಷೇಪಿಸುವರು. ಅಂದು 65ರವರು ತಾವೇ ಗೆರೆಯನ್ನು ದಾಟಿ ನಡೆಯಬಲ್ಲವರಾಗಿದ್ದರು. ಇಂದು ಅವರನ್ನು ಗಾಲಿಕುರ್ಚಿಯಲ್ಲಿ ತಳ್ಳುವವರು ಬೇಕು.