ಸಂದರ್ಶಕ ಪ್ರಾಧ್ಯಾಪಕರ ಒಂದು ವರ್ಷ

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ಎರಡನ್ನೂ ಒಂದೇ ವರ್ಷದಲ್ಲಿ ಮಾಡುವ ಅವಕಾಶ ದೊರೆಯುವುದು ಸಂದರ್ಶಕ ಪ್ರಾಧ್ಯಾಪಕರಿಗೆ. ಇಂಥ ಪ್ರಾಧ್ಯಾಪಕರು ಮಡದಿ ಮಕ್ಕಳೊಡನೆ ಒಂದು ವರ್ಷದ ಮಟ್ಟಿಗೆ ವಿದೇಶದ ವಿಶ್ವವಿದ್ಯಾಲಯಕ್ಕೆ ಹೊರಟರೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ವಿದ್ಯಾರ್ಥಿಗಳಾದ ನಾವು ಸಾಮಾನ್ಯವಾಗಿ ಎರಡು ಬಗೆಯಾಗಿ ಯೋಚಿಸುತ್ತೇವೆ. ಒಬ್ಬರು ‘ಅದೃಷ್ಟವಂತರು, ಪ್ರವಾಸಕ್ಕೆ ಹೋದರು’ ಎನ್ನುತ್ತಾರೆ. ಇನ್ನೊಬ್ಬರು ‘ಇನ್ನು ಅವರು ತಿರುಗಿ ಬರುವುದಿಲ್ಲ’ ಎನ್ನುತ್ತಾರೆ. ಈ ಎರಡು ಮಾತುಗಳೂ ಪೂರ್ತಿ ನಿಜವಲ್ಲ. ಅವರನ್ನು ಕಳಿಸುವವರು ಯಾರು, ಅಲ್ಲಿ ಅವರು ಮಾಡುವ ಕೆಲಸವೇನು, ಕುಟುಂಬದವರ ಗತಿಯೇನು, ಕೊನೆಗೆ ಅವರು ತರುವುದೇನು ಎಂಬುದನ್ನು ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ರಜೆಯ ವಿಷಯ. ಅಧ್ಯಾಪಕರಿಗೆ ಕೊಡುವ ಇಂಥ ದೀರ್ಘ ರಜೆಗೆ ಸಬ್ಬಾಟಿಕಲ್ ಎಂದು ಹೆಸರು. ಇದು ಯಹೂದಿಗಳ ಧರ್ಮಗ್ರಂಥದಿಂದ ಬಂದ ಮಾತು. ಆರು ವರ್ಷ ಬಿತ್ತಿ ಬೆಳೆದ ಭೂಮಿಗೆ ಏಳನೆಯ ವರ್ಷ ವಿಶ್ರಾಂತಿ ಕೊಡಬೇಕೆಂದು ಅಲ್ಲಿ ವಿಧಿಸಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವು 1880ರಲ್ಲಿ ಈ ಪದ್ಧತಿಯನ್ನು ತನ್ನ ಪ್ರಾಧ್ಯಾಪಕರಿಗೆ ಅನ್ವಯಿಸಿತು. ವಿಜಯಪುರ ಜಿಲ್ಲೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಎರೆಹೊಲಗಳನ್ನು ಮುಂಗಾರಿಗೆ ಬೀಳು ಬಿಟ್ಟು, ಮಳೆಯ ನೀರನ್ನು ಮಣ್ಣಿಗೆ ಕುಡಿಸಿ, ಹಿಂಗಾರಿಗೆ ಬಿಳಿಜೋಳ ಬಿತ್ತುವ ರೂಢಿ ಇದೆ. ಬೀಳು ಬಿಟ್ಟ ಹೊಲ ಹಾಳು ಹೊಲವಲ್ಲ. ಅದು ಹಸಿಯನ್ನು ಹಿಡಿದಿಡುತ್ತಿರುತ್ತದೆ. ಪ್ರಾಧ್ಯಾಪಕರ ಆ ವರ್ಷವೂ ಹಾಗೆಯೇ. ನಮ್ಮ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳೂ ಏಳು ವರ್ಷ ಸೇವೆ ಸಲ್ಲಿಸಿದ ಹಿರಿಯ ಪ್ರಾಧ್ಯಾಪಕರಿಗೆ ಒಮ್ಮೆಗೆ ಒಂದು ವರ್ಷ, ಇಡೀ ಸೇವೆಯಲ್ಲಿ ಎರಡು ವರ್ಷ ಮೀರದಂತೆ ಇಂಥ ರಜೆಯನ್ನು ಒದಗಿಸಿವೆ. ಸರಕಾರಿ ಕಾಲೇಜಿನ ಅಧ್ಯಾಪಕರಾದರೆ ಸರಕಾರದ ಅನುಮತಿಯನ್ನು ಮೊದಲು ಪಡೆಯಬೇಕು.

ಇನ್ನು ಹಣದ ವಿಷಯ. ಅಮೆರಿಕಕ್ಕೆ ಹೋದ ನಮ್ಮ ವಿದ್ವಾಂಸರ ಹೆಸರಿನ ಜೊತೆ ‘ಫುಲ್‌ಬ್ರೈಟ್’ ಎಂಬ ಪದವನ್ನು ಅನೇಕ ಸಲ ಕೇಳುತ್ತೇವೆ. ಜೆ. ವಿಲಿಯಮ್ ಫುಲ್‌ಬ್ರೈಟ್ ಎಂಬವರು ಅರ್ಕನ್ಸಾ ರಾಜ್ಯದ ಸೆನೆಟ್ ಸದಸ್ಯರು. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಯುದ್ಧ ಸಾಮಗ್ರಿ ಅನೇಕ ದೇಶಗಳಲ್ಲಿ ಉಳಿದುಬಿದ್ದಿತ್ತು. ಅದನ್ನು ಮಾರಿ ಬಂದ ಹಣದಿಂದ ದೇಶ ದೇಶಗಳ ನಡುವೆ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ವಿನಿಮಯ ಮಾಡಿಕೊಳ್ಳಬೇಕೆಂದು ಅವರು ಸೂಚಿಸಿದರು. 1946ರಲ್ಲಿ ಅದು ಕಾನೂನಾಯಿತು. ಭಾರತ ಈ ಒಪ್ಪಂದಕ್ಕೆ ಸಹಿ ಹಾಕಿದ್ದು 1950ರ ಫೆಬ್ರುವರಿ 2ರಂದು. 2008ರಲ್ಲಿ ಎರಡೂ ಸರಕಾರಗಳು ಸಮಪಾಲು ಕೊಡುವುದೆಂದು ಹೊಸ ಒಪ್ಪಂದವಾಗಿ ‘ಫುಲ್‌ಬ್ರೈಟ್–ನೆಹರು’ ಎಂಬ ಜೋಡಿ ಹೆಸರು ಬಂದಿತು. ಇಂಗ್ಲೆಂಡಿಗೆ ಹೋಗುವವರಿಗೆ 1959ರಲ್ಲಿ ರೂಪುಗೊಂಡ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಯೋಜನೆ ಇನ್ನೊಂದು ದಾರಿ. ತೋಪು ಬಂದೂಕಿನ ಯುಗ ಮುಗಿಸಿ ಉಳಿದ ಸರಕಿನಿಂದ ಪುಸ್ತಕದ ದಾರಿ ತೆರೆದದ್ದು ನೆನೆಯತಕ್ಕ ಸಂಗತಿ.

ಹೋದವರು ಅಲ್ಲಿ ಏನು ಮಾಡುತ್ತಾರೆ? ಕೆಲವರದು ಬರಿಯ ಸಂಶೋಧನೆ, ಕೆಲವರದು ಪಾಠ, ಕೆಲವರದು ಎರಡೂ. ಚಿಕಾಗೋ ವಿಶ್ವವಿದ್ಯಾಲಯವನ್ನೇ ತೆಗೆದುಕೊಂಡರೆ, ಅಲ್ಲಿ ಪಾಠದ ವರ್ಷವನ್ನು ಶರತ್ಕಾಲ, ಚಳಿಗಾಲ, ವಸಂತಕಾಲ ಎಂದು ಸುಮಾರು ಹತ್ತು ಹತ್ತು ವಾರಗಳ ಅವಧಿಗಳನ್ನಾಗಿ ವಿಂಗಡಿಸುತ್ತಾರೆ. ಸಂದರ್ಶಕರು ಒಂದೋ ಎರಡೋ ವಿಷಯ ಹೇಳಿಕೊಟ್ಟು, ಉಳಿದ ಹೊತ್ತನ್ನು ಗ್ರಂಥಾಲಯದಲ್ಲಿ ಕಳೆಯಬಹುದು. ಆ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳ ಸಾಲುಗಳೇ ಇವೆ. ಅವು ಅಲ್ಲಿಗೆ ಹೋದ ಬಗೆ ಸ್ವಾರಸ್ಯವಾದುದು. ಐವತ್ತು ಅರುವತ್ತರ ದಶಕಗಳಲ್ಲಿ ನಮ್ಮ ದೇಶ ಪಿ.ಎಲ್. 480 ಎಂಬ ಕಾನೂನಿನಂತೆ ಅಮೆರಿಕದಿಂದ ಗೋದಿ ತರಿಸಿಕೊಂಡು ರೂಪಾಯಿಯಲ್ಲಿ ಬೆಲೆ ತೆರುತ್ತಿತ್ತು. ಆ ರೂಪಾಯಿಗಳಲ್ಲಿ ಒಂದು ಭಾಗದಿಂದ 1962ರಿಂದೀಚೆಗೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಹಂಚಿದರು. ನಾವು ತಿಂದ ಗೋದಿಯ ಬೆಲೆಯಲ್ಲಿ ನಮ್ಮ ಪುಸ್ತಕಗಳು ಕಡಲು ದಾಟಿದವು.

ಸಂಗಡ ಹೋದ ಕುಟುಂಬದ ಪಾಡು ಬೇರೆಯೇ. ಅಮೆರಿಕಕ್ಕೆ ಹೋಗುವ ವಿದ್ವಾಂಸರಿಗೆ ಜೆ-1 ಎಂಬ ವೀಸಾ, ಮಡದಿ ಅಥವಾ ಗಂಡ ಹಾಗೂ ಮಕ್ಕಳಿಗೆ ಜೆ-2 ಎಂಬ ವೀಸಾ. ಎಲ್ಲರಿಗೂ ಆರೋಗ್ಯ ವಿಮೆ ಕಡ್ಡಾಯ. ಮಕ್ಕಳನ್ನು ವಾಸವಿರುವ ಬಡಾವಣೆಯ ಸರಕಾರಿ ಶಾಲೆಗೆ ಶುಲ್ಕವಿಲ್ಲದೆ ಸೇರಿಸಬಹುದು. ಮಡದಿ ಕೆಲಸ ಮಾಡಬೇಕೆಂದರೆ ಬೇರೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಊರಲ್ಲಿ ಆಕೆಗೆ ನೌಕರಿ ಇದ್ದರೆ ಆಕೆಯೂ ರಜೆಗೆ ಅರ್ಜಿ ಹಾಕಬೇಕು, ಇಲ್ಲವೆ ನೌಕರಿಯನ್ನೇ ಬಿಡಬೇಕು. ಹೋದವರು ಗಂಡನ ವಿದ್ವತ್ತನ್ನು ಹೊಗಳುತ್ತೇವೆ. ಹಿಮ ಸುರಿಯುವ ಊರಿನಲ್ಲಿ ಮನೆ ಹೂಡಿ, ಮಕ್ಕಳ ಭಾಷೆ ಬದಲಾಗದಂತೆ ಕಾದವಳ ಹೆಸರು ಯಾವ ವರದಿಯಲ್ಲಿಯೂ ಬರುವುದಿಲ್ಲ. ಮಕ್ಕಳು ಕನ್ನಡವನ್ನು ಉಳಿಸಿಕೊಳ್ಳುವುದು ಮನೆಯೊಳಗೆ ಕೇಳುವ ಮಾತಿನಿಂದ, ಮಲಗುವಾಗ ಕೇಳುವ ಕಥೆಯಿಂದ. ಈ ಕಥೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದೇ ಮುಖ್ಯವಾಗುತ್ತದೆ. ಇನ್ನು, ‘ತಿರುಗಿ ಬರುವುದಿಲ್ಲ’ ಎಂಬ ಸಂಶಯಕ್ಕೆ ಉತ್ತರ ನಿಯಮದಲ್ಲಿಯೇ ಇದೆ. ಸರಕಾರದ ಹಣದಿಂದ ಜೆ-1 ವೀಸಾದ ಮೇಲೆ ಹೋದವರು ಅಲ್ಲಿ ನೆಲೆಸಲು ಅರ್ಜಿ ಹಾಕುವ ಮೊದಲು ತಾಯ್ನಾಡಿನಲ್ಲಿ ಎರಡು ವರ್ಷ ಇರತಕ್ಕದ್ದು. ಕಲಿತದ್ದನ್ನು ಊರಿಗೆ ಮುಟ್ಟಿಸಲಿ ಎಂಬುದೇ ಅದರ ಆಶಯ.

ಹೀಗೆ ಹೋದ ಒಂದು ವರ್ಷದಿಂದ ನಾಡಿಗೆ ಏನು ಬಂದಿತೆಂಬುದಕ್ಕೆ ಗಿರೀಶ ಕಾರ್ನಾಡರ ಉದಾಹರಣೆ ಸಾಕು. ಧಾರವಾಡದ ಕರ್ನಾಟಕ ಕಾಲೇಜಿನ ಪದವೀಧರರಾದ ಅವರು 1987–88ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರೂ ಫುಲ್‌ಬ್ರೈಟ್ ನಾಟಕಕಾರರೂ ಆಗಿದ್ದರು. ಆ ವರ್ಷದ ಫಲವೇ ‘ನಾಗಮಂಡಲ’. ಅದರ ಇಂಗ್ಲಿಷ್ ರೂಪವನ್ನು ಮೊದಲು ಆಡಿದವರು ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ. 1993ರಲ್ಲಿ ಮಿನಿಯಾಪೊಲಿಸ್ ನಗರದ ಹೆಸರಾಂತ ಗತ್ರಿ ರಂಗಮಂದಿರ ಅದನ್ನು ಆಡಿತು. 1997ರಲ್ಲಿ ನಾಗಾಭರಣರು ಚಲನಚಿತ್ರ ಮಾಡಿದರು.

ಆದರೆ ನಾಟಕದ ಬೀಜ ಚಿಕಾಗೋದಲ್ಲ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳೇ ತಮ್ಮ ನಾಟಕಕ್ಕೆ ಆಧಾರವೆಂದು ಕಾರ್ನಾಡರು ಹೇಳಿದ್ದಾರೆ. ಒಂದು, ಗಂಡನ ರೂಪ ತಾಳಿ ಬರುವ ನಾಗನ ಕಥೆ. ಇನ್ನೊಂದು ಹೀಗಿದೆ: ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಬರುತ್ತಿದ್ದವು. ಆಕೆ ಅವನ್ನು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರು ಕಟ್ಟಿದ ಅವು ಒಂದು ದಿನ ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಒಂದು ಗಂಡಸಿನ ಜೋಡಾಗಿಯೂ ಇನ್ನೊಂದು ಅಂಗಿಯಾಗಿಯೂ ಬಾಗಿಲಲ್ಲಿ ಕುಳಿತವು. ಗಂಡ ಬಂದು ನೋಡಿ ಸಂಶಯಪಟ್ಟು, ಜಗಳಾಡಿ, ಹನುಮಂತನ ಗುಡಿಗೆ ಮಲಗಲು ಹೋದ. ಊರಿನ ದೀಪಗಳೆಲ್ಲ ಆರಿದ ಮೇಲೆ ಆ ಜ್ಯೋತಿಗಳು ಗುಡಿಯಲ್ಲಿ ಕೂಡಿ ಮಾತಾಡುವ ರೂಢಿ. ತಡವಾಗಿ ಬಂದ ಅವನ ಮನೆಯ ಜ್ಯೋತಿ ನಡೆದುದನ್ನು ಹೇಳಿತು. ನಿಜ ತಿಳಿದ ಗಂಡ ಮನೆಗೆ ಬಂದು ಆ ಕಥೆ ಯಾವುದೆಂದು ಕೇಳಿದರೆ, ಹೆಂಡತಿಗೆ ಅದು ಮರೆತೇ ಹೋಗಿತ್ತು.

ಈ ಕಥೆಯನ್ನು ಗ್ರಂಥಾಲಯದಲ್ಲಿ ಓದಿದ ವಾರ ನಾನು ತಿಕೋಟಾದ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದೆನು. ದ್ರಾಕ್ಷಿ ಪಡದ ಕೂಲಿಯಿಂದ ಬಂದು ಕುಳಿತಿದ್ದ ಆಯಿಗೆ ಅದನ್ನು ಹೇಳತೊಡಗಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಆಕೆಯೇ ಮುಂದಿನದನ್ನು ಹೇಳಿ ಮುಗಿಸಿ, “ಈ ಕತಿ ಹೇಳಾಕ ಅಷ್ಟ್ ದೂರ ಹೋಗಿ ಪಗಾರ ತೊಗೊಂಡ್ರೇನೋ ತಮ್ಮಾ?” ಎಂದಳು. ನನಗೆ ನಗೆಯೂ ಬಂದಿತು, ನಾಚಿಕೆಯೂ ಆಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಹದಿನೈದು ವರ್ಷ ಶಾಲೆ ಕಲಿತ ನಾನು ಆಕೆಯ ಬಾಯಲ್ಲಿದ್ದುದನ್ನು ಪುಸ್ತಕದಲ್ಲಿ ಕಂಡ ಮೇಲೆ ‘ಇದು ಸಾಹಿತ್ಯ’ ಎಂದು ನಂಬಿದ್ದೆನು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಯಾರಿಗಾಗಿ ಹುಟ್ಟಿತೋ!

ರಾಮಾನುಜನ್ ಅವರು ಹಿತ್ತಲ ಗಿಡವನ್ನು ಗುರುತಿಸಿದವರು. ಮೈಸೂರಿನ ಗಣಿತ ಪ್ರಾಧ್ಯಾಪಕರ ಮಗನಾದ ಅವರಿಗೆ ಅಡುಗೆಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಮಹಡಿಯ ಮೇಲೆ ತಂದೆಯ ಕೋಣೆಯಲ್ಲಿ ಇಂಗ್ಲಿಷು. ಐವತ್ತರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು ಹೆಂಗಸರ ಬಾಯಿಂದ ಕಥೆಗಳನ್ನು ಕೇಳಿ ಬರೆದುಕೊಂಡರು. 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಿ, ಮುಂದೆ ಚಿಕಾಗೋದಲ್ಲಿಯೇ ನೆಲೆಸಿದರು. 1993ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಸಂಗ್ರಹಿಸಿದ, ಹೂವಿನ ಗಿಡವಾಗುವ ಹುಡುಗಿಯ ಕನ್ನಡ ಕಥೆಯಿಂದ ಕಾರ್ನಾಡರ ‘ಚೆಲುವಿ’ ಚಿತ್ರ ಹುಟ್ಟಿತು. ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಅದನ್ನೇ ಗೀತನಾಟಕ ಮಾಡಿ ಹಾಡಿಸಿದರು.

ಘೋಡಗೇರಿಯ ಕಂಬಾರರ ಮಗ ಚಂದ್ರಶೇಖರ ಕಂಬಾರರೂ ಫುಲ್‌ಬ್ರೈಟ್ ವಿದ್ವಾಂಸರಾಗಿ ಚಿಕಾಗೋಕ್ಕೆ ಹೋದವರೇ. ಬಡತನದಿಂದ ಶಾಲೆ ಬಿಟ್ಟಿದ್ದ ಅವರ ಓದಿಗೆ ಸಾವಳಗಿ ಮಠದ ಸ್ವಾಮಿಗಳು ನೆರವಾದರು. ಅಂಥವರು ಚಿಕಾಗೋ ಕಂಡು ಬಂದು, ಊರಿನ ಜೋಕುಮಾರನ ಆಚರಣೆಯನ್ನೇ ನಾಟಕ ಮಾಡಿದರು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಯು.ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗಲೇ, 1965ರಲ್ಲಿ, ಮಲೆನಾಡಿನ ಅಗ್ರಹಾರದ ‘ಸಂಸ್ಕಾರ’ವನ್ನು ಬರೆದರು. ಮೂವರ ವಿಷಯದಲ್ಲಿಯೂ ಒಂದೇ ಸಂಗತಿ ಕಾಣುತ್ತದೆ. ದೂರ ಹೋದಾಗ ಅವರ ಕಣ್ಣಿಗೆ ಊರು ಸ್ಪಷ್ಟವಾಯಿತು. ಕೈಚೀಲದಲ್ಲಿ ಊರಿಲ್ಲದೆ ಹೋಗಿದ್ದರೆ ಆ ವರ್ಷ ಬರಿಯ ಪ್ರವಾಸವಾಗುತ್ತಿತ್ತು.

ಇದರ ಇನ್ನೊಂದು ಮುಖವೂ ಉಂಟು. ಅವರು ಅಲ್ಲಿಗೆ ಹೋದಂತೆ ಅಲ್ಲಿಯವರು ನಮ್ಮಲ್ಲಿಗೆ ಬಂದಿದ್ದಾರೆ. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ ಅವರು ವಿಜಾಪುರದ ಸೂಫಿಗಳ ಮೇಲೆ ಬರೆದ ಗ್ರಂಥ 1978ರಲ್ಲಿ ಪ್ರಕಟವಾಯಿತು. ಆದಿಲಶಾಹಿ ಕಾಲದಲ್ಲಿ ಇಲ್ಲಿಯ ಹೆಂಗಸರು ಬೀಸುವಾಗ ಹಾಡುತ್ತಿದ್ದ ‘ಚಕ್ಕಿನಾಮಾ’ ಎಂಬ ದಖನಿ ಹಾಡುಗಳಿಂದ ಸೂಫಿ ವಿಚಾರಗಳು ಮನೆಮನೆಗೆ ಮುಟ್ಟಿದವೆಂದು ಅವರು ತೋರಿಸಿದರು. ಗೋಳಗುಮ್ಮಟವನ್ನು ನೋಡಲು ಬರುವವರು ಬಹಳ; ಬೀಸುಕಲ್ಲಿನ ಮುಂದೆ ಕುಳಿತು ಇತಿಹಾಸವನ್ನು ಕೇಳಿದವರು ಕೆಲವರೇ.

ಹಾಗಾದರೆ ವಿದೇಶಕ್ಕೆ ಹೋಗದವರು ಏನೂ ಮಾಡಲಾರರೆ? ಇದಕ್ಕೆ ನಮ್ಮ ನಗರದಲ್ಲಿಯೇ ಉತ್ತರವಿದೆ. ಡಾ. ಫ.ಗು. ಹಳಕಟ್ಟಿಯವರು ಇಲ್ಲಿ ವಕೀಲರಾಗಿದ್ದುಕೊಂಡೇ ವಚನಗಳ ತಾಡೋಲೆಗಳನ್ನು ಊರೂರು ಹುಡುಕಿ ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು, ಬಳಿಕ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಐವತ್ತು ವರ್ಷಗಳ ಮೇಲೆ, 1973ರಲ್ಲಿ, ರಾಮಾನುಜನ್ ಅವರ ವಚನಾನುವಾದ ‘ಸ್ಪೀಕಿಂಗ್ ಆಫ್ ಶಿವ’ ಲಂಡನ್ನಿನ ಪೆಂಗ್ವಿನ್ ಮಾಲೆಯಲ್ಲಿ ಹೊರಟು ಜಗತ್ತಿಗೆಲ್ಲ ಬಸವಣ್ಣನವರನ್ನು ಮುಟ್ಟಿಸಿತು. ಊರಲ್ಲಿ ಕೂಡಿಸುವವರಿಲ್ಲದಿದ್ದರೆ ಹೊರನಾಡಿನಲ್ಲಿ ಬಡಿಸುವವರಿಗೆ ಏನಿರುತ್ತಿತ್ತು?

ಆದ್ದರಿಂದ ಗೆಳೆಯರಲ್ಲಿ ನನ್ನದೊಂದು ಬಿನ್ನಹ. ನಮ್ಮಲ್ಲಿ ಒಬ್ಬಿಬ್ಬರು ಮುಂದೆ ಅಧ್ಯಾಪಕರಾಗಿ, ಸಂಸಾರ ಸಹಿತ ಹೊರನಾಡಿಗೆ ಹೋಗುವ ಕಾಲವೂ ಬಂದೀತು, ಬರಲಿ. ಅಲ್ಲಿಯತನಕ ಕಾಯುವುದು ಬೇಡ. ಆ ದಿನ ಸುರುಮಾಡಿ ನಾನು ಆಯಿಯ ಹನ್ನೊಂದು ಕಥೆಗಳನ್ನು ಬರೆದುಕೊಂಡಿದ್ದೇನೆ. ಹನ್ನೆರಡನೆಯದು ಅರ್ಧಕ್ಕೆ ನಿಂತಿದೆ. ಏಳು ಜನ ಅಣ್ಣಂದಿರ ತಂಗಿ ಬಾವಿಗೆ ಇಳಿದಳೆಂಬಲ್ಲಿಯವರೆಗೆ ಹೇಳಿ, “ಮುಂದ ನೆನಪಾಗವಲ್ದು” ಎಂದು ಸುಮ್ಮನಾದಳು. ಎರಡು ಸಲ ಹೋಗಿ ಕೇಳಿದೆ, ನೆನಪಾಗಲಿಲ್ಲ. ಆಕೆಯ ಗೆಳತಿಯರಲ್ಲಿ ಅದನ್ನು ಬಲ್ಲವರು ಈಗ ಇಲ್ಲ. ಕಥೆಯೊಳಗಿನ ಹೆಂಗಸಿನ ಮರೆವು ನಗೆ ತರಿಸುತ್ತದೆ. ಎದುರಿಗೆ ಕುಳಿತ ಆಯಿಯ ಮರೆವು ನಗೆ ತರಿಸುವುದಿಲ್ಲ.

ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಿಂದ ಬಸ್ಸಿಗೆ ಬರುವ ನಾವು ಒಬ್ಬೊಬ್ಬರು ಈ ರಜೆಯಲ್ಲಿ ಒಂದೊಂದು ಕಥೆಯನ್ನೋ ಬೀಸುಕಲ್ಲಿನ ಪದವನ್ನೋ ಹೇಳಿದವರ ಹೆಸರು, ಊರು, ದಿನಾಂಕದೊಡನೆ ಬರೆದು ತಂದರೆ, ಕನ್ನಡ ವಿಭಾಗದ ಗುರುಗಳು ಒಂದು ದಫ್ತರವನ್ನು ಇಟ್ಟು ಕಾಯ್ದುಕೊಡಬಹುದು. ಇದಕ್ಕೆ ವೀಸಾ ಬೇಡ, ವಿಮೆ ಬೇಡ. ಒಂದು ನೋಟುಬುಕ್ಕು, ಹಿರಿಯರ ಎದುರು ಕೂಡುವಷ್ಟು ತಾಳ್ಮೆ ಸಾಕು. ಬಾವಿಗೆ ಇಳಿದ ಆ ತಂಗಿ ಮುಂದೆ ಏನಾದಳೆಂಬುದು ವಾಚಕರಲ್ಲಿ ಯಾರ ಮನೆಯವರಿಗಾದರೂ ಗೊತ್ತಿದ್ದರೆ ದಯವಿಟ್ಟು ನನಗೆ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.